ಮೌನಿ ಮಗುವಿಗೆ ನಾಟಕ ಆಗಿಬರುತ್ತದೆಯೇ?

ಬಳ್ಳಾರಿಯಲ್ಲಿ ನಾನು ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಬೇಸಿಗೆ ಶಿಬಿರಕ್ಕೆ ಹೆಸರು ಬರೆಸಲು ಬರುವ ತಂದೆ ತಾಯಿ ಶುಲ್ಕ, ಸಮಯ, ಮಧ್ಯಾಹ್ನದ ಊಟ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ. “ಮೇಡಂ, ನಮ್ಮ ಮಗಳು ಬಹಳ ಮೌನಿ. ಮನೆಗೆ ನೆಂಟರು ಬಂದರೆ ಒಳಗಿನ ಕೋಣೆ ಸೇರಿಕೊಳ್ಳುತ್ತಾಳೆ. ಇವಳಿಗೆ ನಾಟಕ ಆಗಿಬರುತ್ತದೆಯೇ?” ಅವರ ಹಿಂದೆಯೇ ನಿಂತ ಮತ್ತೊಬ್ಬರಿಗೆ ತದ್ವಿರುದ್ಧ ಚಿಂತೆ. “ನಮ್ಮವನು ಬಾಯಿ ಮುಚ್ಚುವುದೇ ಇಲ್ಲ. ಚಿತ್ರಕಲೆಗೆ ಸೇರಿಸಬೇಕೆಂದಿದ್ದೆವು, ಅಲ್ಲಿ ಇವನು ಕೂರುತ್ತಾನೆಯೇ?” ಕಲಾವಿದರು ಅಂತರ್ಮುಖಿಗಳೋ ಬಹಿರ್ಮುಖಿಗಳೋ ಎಂದು ಕಾಲೇಜಿನ ಹುಡುಗರು ಕೇಳುವುದೂ ಇದೇ ಪ್ರಶ್ನೆಯನ್ನು, ಪುಸ್ತಕದ ಭಾಷೆಯಲ್ಲಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತು ಕಡಿಮೆ ಇರುವವರು ನಟರಾಗಬಹುದು. ಜನ ಸುತ್ತ ಇದ್ದರೇ ಹುರುಪಾಗುವವರು ಒಬ್ಬರೇ ಕೂತು ಮಾಡುವ ಕಸುಬನ್ನೂ ಕಲಿಯಬಹುದು. ಸ್ವಭಾವದಿಂದ ತಿಳಿಯುವುದು ಬೇರೊಂದು ಸಂಗತಿ: ಆ ಕಲಾವಿದ ಕೆಲಸದ ಯಾವ ಘಟ್ಟದಲ್ಲಿ ದಣಿಯುತ್ತಾನೆ, ಆ ದಣಿವನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದು. ಹೆತ್ತವರೂ ಗುರುಗಳೂ ಪ್ರೇಕ್ಷಕರೂ ಗಮನಿಸಬೇಕಾದದ್ದು ಅದನ್ನೇ, ನಾವು ಕೈಬಿಟ್ಟಿರುವುದೂ ಅದನ್ನೇ.

ಅಂತರ್ಮುಖಿ, ಬಹಿರ್ಮುಖಿ ಎಂಬ ಈ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಮನಸ್ಸಿನ ಒಲವು ಒಳಗಿನ ಲೋಕದ ಕಡೆಗೋ ಹೊರಗಿನ ಲೋಕದ ಕಡೆಗೋ ಎಂಬುದು ಅವರ ಲೆಕ್ಕ. ಎರಡೂ ಎಲ್ಲರಲ್ಲಿಯೂ ಇರುತ್ತವೆ, ಒಂದು ಮೇಲುಗೈ ಪಡೆದಿರುತ್ತದೆ ಎಂದೇ ಅವರು ತಿಳಿದಿದ್ದರು. ಆಮೇಲೆ ಈ ವಿಂಗಡಣೆ ಪತ್ರಿಕೆಗಳ ಪ್ರಶ್ನಾವಳಿಗಳಿಗೆ ಇಳಿದು, ಮನುಷ್ಯರನ್ನು ಎರಡು ಜಾತಿಯಾಗಿ ಸೀಳುವ ಕೆಲಸಕ್ಕೆ ಬಳಕೆಯಾಯಿತು. ಸಂಕೋಚ ಮತ್ತು ಸಭಾಕಂಪ ಇದರೊಳಗೆ ಬೆರೆತುಹೋದವು. ಜನ ಏನೆನ್ನುತ್ತಾರೋ ಎಂಬ ಅಂಜಿಕೆ ಸಂಕೋಚ. ಅಂತರ್ಮುಖಿಗೆ ಅಂಜಿಕೆಯೇ ಇಲ್ಲದಿರಬಹುದು, ಗದ್ದಲ ಸಾಕೆನಿಸಿರುತ್ತದೆ ಅಷ್ಟೇ. ಮೈಕು ಹಿಡಿದರೆ ಬಿಡದ ಬಹಿರ್ಮುಖಿಗೂ ಪರದೆ ಏಳುವ ಮುನ್ನ ಕೈ ನಡುಗುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಕಲಾವಿದರ ವ್ಯಕ್ತಿತ್ವದ ಮೇಲೆ ನಡೆದ ಹಲವಾರು ಅಧ್ಯಯನಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಫೈಸ್ಟ್ ಒಟ್ಟುಗೂಡಿಸಿ 1998ರಲ್ಲಿ ಪರಿಶೀಲಿಸಿದರು. ಕಲಾವಿದರಲ್ಲಿ ಅಲ್ಲಿ ಎದ್ದು ಕಂಡ ಗುಣಗಳಲ್ಲಿ ಒಂದು, ಹೊಸ ಅನುಭವಕ್ಕೆ ತೆರೆದುಕೊಳ್ಳುವ ಮನಸ್ಸು. ಹೆತ್ತವರಿಗೆ ನಾನು ಹೇಳುವುದು ಇದನ್ನೇ. ನಿಮ್ಮ ಮಗು ಎಷ್ಟು ಮಾತನಾಡುತ್ತದೆ ಎಂದು ಎಣಿಸಬೇಡಿ. ಹೊಸ ಹಾಡು ಕೇಳಿದಾಗ, ಹೊಸ ಬಣ್ಣ ಕಂಡಾಗ, ಯಾರೋ ವಿಚಿತ್ರವಾಗಿ ನಡೆದಾಗ ಅದು ತಿರುಗಿ ನೋಡುತ್ತದೆಯೇ, ನೋಡಿ. ಗುಲ್ಲೆಬ್ಬಿಸುವ ಮಗುವೂ ನೋಡಬಹುದು, ಮೂಲೆಯಲ್ಲಿ ಕೂತ ಮಗುವೂ ನೋಡಬಹುದು.

ನಮ್ಮ ಸೀಮೆಯ ಕಲೆಗಳನ್ನೇ ನೋಡಿದರೆ ಎಲ್ಲ ಬಗೆಯ ಮನಸ್ಸಿಗೂ ಇಲ್ಲಿ ಜಾಗವಿದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಹಾಡಿದ ಬುರ್ರಕಥೆ ಎದುರಿಗೆ ಜನ ಇಲ್ಲದಿದ್ದರೆ ನಡೆಯುವ ಕಲೆಯೇ ಅಲ್ಲ. ಕಥೆ ಹೇಳುವವರು ತಂಬೂರಿ ಮೀಟುತ್ತ ಒಂದು ಸಾಲು ಎತ್ತಬೇಕು, ಪಕ್ಕದವರು ಬಡಿತಕ್ಕೆ ಬಡಿತ ಸೇರಿಸಿ ದನಿಗೂಡಿಸಬೇಕು, ಕೇಳುವವರ ಮುಖ ನೋಡಿ ಕಥೆ ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಬೇಕು. ಓದು ಬರಹ ಬಾರದ ಆ ತಾಯಿ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡರು. ಅವರು ಸ್ವಭಾವತಃ ಏನಾಗಿದ್ದರು ಎಂದು ನಾನು ಊಹಿಸಲು ಹೋಗುವುದಿಲ್ಲ. ಆದರೆ ಅಷ್ಟು ಸಾಲುಗಳನ್ನು ಎದೆಯೊಳಗೆ ಕಾಪಿಟ್ಟುಕೊಳ್ಳುವುದು ಜನರ ನಡುವೆ ಮಾತ್ರ ಆಗುವ ಕೆಲಸವಲ್ಲ. ದಾರಿಯಲ್ಲಿ, ಒಲೆಯ ಮುಂದೆ, ಒಬ್ಬರೇ ಇದ್ದಾಗ ಗುನುಗಿಕೊಂಡ ಹೊತ್ತು ಅದರ ಹಿಂದೆ ಇದ್ದೇ ಇರುತ್ತದೆ.

ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋದರೆ ಇನ್ನೊಂದು ತುದಿ ಕಾಣುತ್ತದೆ. ಚಿತ್ರಗಾರರ ಮನೆಯಲ್ಲಿ ಹಗುರ ಮರದ ಬೊಂಬೆಯ ಕೈ, ಕಾಲು, ರೆಕ್ಕೆಗಳನ್ನು ಬೇರೆ ಬೇರೆಯಾಗಿ ಕೆತ್ತಿ ಕೂಡಿಸುತ್ತಾರೆ. ಸೆಣಬಿನ ಚೂರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಮೈಗೆ ಮೆತ್ತುತ್ತಾರೆ. ಅದರ ಮೇಲೆ ಬಟ್ಟೆಯ ತುಂಡು, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಒಡವೆಗಳ ಉಬ್ಬನ್ನೂ ಆ ಲೇಪದಿಂದಲೇ ಎಬ್ಬಿಸುತ್ತಾರೆ. ಒಂದು ಪದರ ಒಣಗುವವರೆಗೆ ಮುಂದಿನದು ಹಚ್ಚುವಂತಿಲ್ಲ. ಕಾಯುವುದನ್ನು ಸಹಿಸಲಾರದವರಿಗೆ ಈ ಕೆಲಸ ಹಿಂಸೆ. ಆದರೆ ಇದನ್ನೂ ಒಂಟಿ ಕೆಲಸ ಎನ್ನಲಾರೆ. ಒಬ್ಬರು ಕೆತ್ತುತ್ತಾರೆ, ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ, ಪಕ್ಕದಲ್ಲಿ ಊರಿನ ಮಾತು ನಡೆದೇ ಇರುತ್ತದೆ. ಬಾಯಿ ಮುಚ್ಚದ ಹುಡುಗ ಚಿತ್ರಕಲೆ ಕಲಿಯುತ್ತಾನೆಯೇ ಎಂದು ಕೇಳಿದ ತಂದೆಗೆ ನಾನು ಹೇಳುವುದು ಇಷ್ಟೇ: ಅವನನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಬೇಡಿ, ಮೂರು ನಾಲ್ಕು ಮಂದಿ ಕೂತು ಬರೆಯುವ ಕಡೆ ಕೂರಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ತೊಗಲುಗೊಂಬೆಯಾಟ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಇಡೀ ನಾಡು ಈ ಕಲೆಯತ್ತ ತಿರುಗಿ ನೋಡಿತು. ಆಡಿಸುವವರು ಪರದೆಯ ಹಿಂದೆ ಇರುತ್ತಾರೆ. ರಾವಣನ ಅಬ್ಬರವೂ ಸೀತೆಯ ಅಳುವೂ ಅವರ ಗಂಟಲಿನಿಂದಲೇ ಬರುತ್ತದೆ, ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. ಜನರ ಮುಂದೆ ಪೂರ್ತಿ ತೆರೆದುಕೊಳ್ಳುವುದು, ಜನರ ಕಣ್ಣಿಗೆ ಬೀಳದೆ ಇರುವುದು, ಎರಡನ್ನೂ ಒಟ್ಟಿಗೆ ಸಾಧಿಸಿದ ಕಲೆ ಇದು.

ಶಿಬಿರದಲ್ಲಿ ಒಮ್ಮೆ ಇದನ್ನು ಪ್ರಯೋಗಿಸಿ ನೋಡಿದೆ. ವೃತ್ತದಲ್ಲಿ ನಿಂತು ಒಬ್ಬೊಬ್ಬರೇ ಹೆಸರು ಕೂಗುವ ಆಟದಲ್ಲಿ ತುಟಿ ಬಿಚ್ಚದ ಒಬ್ಬ ಹುಡುಗಿ ಇದ್ದಳು. ರಟ್ಟಿನಿಂದ ಗೊಂಬೆ ಕತ್ತರಿಸಿ, ಬಿಳಿ ಪಂಚೆ ಕಟ್ಟಿ, ಹಿಂದೆ ಬಲ್ಬು ಇಟ್ಟೆವು. ಅವಳಿಗೆ ಸಿಕ್ಕಿದ್ದು ಮುದಿ ಹುಲಿಯ ಗೊಂಬೆ. ಕಡ್ಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣನ್ನು ನೆರಳಿನ ಮೇಲೆ ನೆಟ್ಟು, ಹಲ್ಲಿಲ್ಲದ ಹುಲಿ ಹಸಿವಾಗಿ ನರಳುವ ದನಿಯನ್ನು ಅವಳು ತೆಗೆದಳು. ಈಚೆ ಕೂತ ಮಕ್ಕಳು ನಗುವುದನ್ನು ನಿಲ್ಲಿಸಿ ಕೇಳಿದರು. ಮರುದಿನ ವೃತ್ತದ ಆಟದಲ್ಲಿ ಮತ್ತೆ ಹಿಂದಿನಂತೆಯೇ ಸುಮ್ಮನೆ ನಿಂತಳು. ಅವಳ ತಾಯಿಗೆ ಬೇಸರವಾಯಿತು, “ನಿನ್ನೆ ಅಷ್ಟು ಚೆನ್ನಾಗಿ ಮಾಡಿದಳಲ್ಲ, ಇವತ್ತೇಕೆ ಹೀಗೆ?” ಎಂದರು. ನನಗೆ ಬೇಸರವಾಗಲಿಲ್ಲ. ಅವಳು ಬದಲಾಗಬೇಕೆಂದು ಹುಲಿಯನ್ನು ಕೊಟ್ಟಿರಲಿಲ್ಲ. ಆ ಹುಲಿಗೆ ಅವಳ ದನಿಯೇ ಬೇಕಾಗಿತ್ತು.

‘ಧೈರ್ಯ ಬರಲಿ ಎಂದು ನಾಟಕಕ್ಕೆ ಸೇರಿಸುತ್ತಿದ್ದೇವೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾಟಕದಿಂದ ಧೈರ್ಯ ಬರಬಹುದು, ಬಾರದೆಯೂ ಇರಬಹುದು. ಆದರೆ ಮೌನವನ್ನು ಕಾಯಿಲೆ ಎಂದುಕೊಂಡು ರಂಗವನ್ನು ಅದಕ್ಕೆ ಔಷಧಿ ಮಾಡಿದರೆ ಮಗುವಿಗೂ ಅನ್ಯಾಯ, ನಾಟಕಕ್ಕೂ ಅನ್ಯಾಯ.

ಹಾಗಾದರೆ ಅಂತರ್ಮುಖಿ ನಟ ರಂಗದ ಮೇಲೆ ಅಷ್ಟು ಹೊತ್ತು ಹೇಗೆ ಅಬ್ಬರಿಸುತ್ತಾನೆ? ಕೆನಡಾದ ಮನಶ್ಶಾಸ್ತ್ರಜ್ಞ ಬ್ರಯಾನ್ ಲಿಟಲ್ ಇದಕ್ಕೆ ಒಪ್ಪುವಂಥ ವಿವರಣೆ ಕೊಟ್ಟಿದ್ದಾರೆ. ತನಗೆ ಬಹಳ ಮುಖ್ಯವಾದ ಕೆಲಸಕ್ಕಾಗಿ ಮನುಷ್ಯ ತನ್ನ ಸ್ವಭಾವವನ್ನು ಮೀರಿ ನಡೆದುಕೊಳ್ಳಬಲ್ಲ. ಆದರೆ ಹಾಗೆ ಬಹಳ ಕಾಲ ನಡೆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ, ಮತ್ತೆ ತನ್ನಂತೆ ತಾನಿರಲು ಒಂದು ಜಾಗ ಬೇಕಾಗುತ್ತದೆ. ಬಳ್ಳಾರಿಯಲ್ಲಿ ನಾಟಕ ಮುಗಿದ ರಾತ್ರಿ ಬಣ್ಣದ ಕೋಣೆಗೆ ಬಂದವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಎರಡು ಗಂಟೆ ದುರ್ಯೋಧನನಾಗಿ ಗರ್ಜಿಸಿದ ಗೆಳೆಯ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿರುತ್ತಾನೆ. ಅರ್ಧ ಮುಖದಲ್ಲಿ ಇನ್ನೂ ಬಣ್ಣ ಇರುವಾಗಲೇ ಜನ ಒಳಗೆ ನುಗ್ಗುತ್ತಾರೆ. ಫೋಟೊ, ಶಾಲು, ‘ಒಂದು ಡೈಲಾಗ್ ಹೇಳಿ ಸರ್’ ಎಂಬ ಒತ್ತಾಯ. ಅವನು ಗೋಡೆಯ ಕಡೆ ತಿರುಗಿದರೆ ‘ಎಷ್ಟು ಜಂಬ’ ಎನ್ನುತ್ತಾರೆ. ಅವನ ಪಕ್ಕದಲ್ಲೇ ಶಕುನಿಯ ಪಾತ್ರಧಾರಿ ಅದೇ ಗುಂಪಿನ ನಡುವೆ ಹಿಗ್ಗಿ ನಿಂತಿರುತ್ತಾನೆ, ಅವನಿಗೆ ದಣಿವು ಆರುವುದೇ ಹಾಗೆ. ಇಬ್ಬರೂ ಒಳ್ಳೆಯ ನಟರು. ಮಾಡಿದ್ದು ಒಂದೇ ನಾಟಕ.

ವೇದಿಕೆಯನ್ನೇ ತೊರೆದವರೂ ಇದ್ದಾರೆ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, 31ನೆಯ ವಯಸ್ಸಿಗೆ ಸಾರ್ವಜನಿಕ ಕಛೇರಿಗಳಿಂದ ದೂರ ಸರಿದು ಮುಂದೆ ಸ್ಟುಡಿಯೊದಲ್ಲೇ ನುಡಿಸಿದರು. ಸಿತಾರಿನಂಥ ತಂತಿವಾದ್ಯ ಸುರಬಹಾರವನ್ನು ನುಡಿಸುತ್ತಿದ್ದ ಅನ್ನಪೂರ್ಣಾ ದೇವಿ ಕಛೇರಿ ಬಿಟ್ಟು ಮುಂಬಯಿಯ ಮನೆಯಲ್ಲಿ ಕೂತು ಹರಿಪ್ರಸಾದ್ ಚೌರಾಸಿಯಾ ಅಂಥವರಿಗೆ ಪಾಠ ಹೇಳಿದರು. ಕಾರಣಗಳು ಬೇರೆ ಬೇರೆ ಇರಬಹುದು, ಅವರ ಕಲೆ ಮಾತ್ರ ಕುಂದಲಿಲ್ಲ.

ಇಂದಿನ ಕಷ್ಟ ಬೇರೆಯದು. ಕಲಾವಿದ ಕೆಲಸ ಮಾಡಿದರೆ ಸಾಲದು, ಕೆಲಸ ಮಾಡುತ್ತಿರುವುದನ್ನು ದಿನವೂ ತೋರಿಸಬೇಕು. ಕಿನ್ನಾಳದ ಬೊಂಬೆಗಳಿಗೆ ಆ ಊರಿನದೇ ಕಸುಬು ಎಂದು ಗುರುತಿಸುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಆದರೆ ಮೇಳದ ಮಳಿಗೆಯಲ್ಲಿ ನಿಂತು ಬಂದವರಿಗೆಲ್ಲ ನಗುನಗುತ್ತ ವಿವರಿಸುವವರ ಬೊಂಬೆ ಮೊದಲು ಖಾಲಿಯಾಗುತ್ತದೆ. ಚೆನ್ನಾಗಿ ಮಾತನಾಡುವವರ ಮೇಲೆ ನನಗೆ ಅಸಮಾಧಾನವಿಲ್ಲ, ಅದೂ ಒಂದು ಶಕ್ತಿ. ಆದರೆ ಪ್ರಶಸ್ತಿಗೆ ಅರ್ಜಿ ಹಿಡಿದು ಕಲಾವಿದನೇ ಓಡಾಡಬೇಕು, ಶಿಫಾರಸು ಪತ್ರ ತರಬೇಕು, ಕ್ಯಾಮೆರಾದ ಮುಂದೆ ತನ್ನನ್ನು ತಾನೇ ಹೊಗಳಿಕೊಳ್ಳಬೇಕು ಎಂಬ ಪದ್ಧತಿ ಇರುವ ತನಕ ನಮ್ಮ ಹಳ್ಳಿಗಳ ಒಳ್ಳೆಯ ಕೈಗಳು ಕತ್ತಲಲ್ಲೇ ಉಳಿಯುತ್ತವೆ. ಆ ಓಡಾಟವನ್ನು ಬೇರೆಯವರು ಹೊರಬೇಕು. ಸಂಘ ಸಂಸ್ಥೆಗಳು, ಕಾಲೇಜಿನ ಕನ್ನಡ ವಿಭಾಗಗಳು, ಮಾತು ಬಲ್ಲ ಗೆಳೆಯರು ಅರ್ಜಿ ತುಂಬಿಕೊಡಲಿ, ಫೋಟೊ ತೆಗೆದುಕೊಡಲಿ, ಮಳಿಗೆಯಲ್ಲಿ ನಿಲ್ಲಲಿ.

ನನ್ನ ಪಾಲಿಗೆ ಬಂದದ್ದನ್ನು ನಾನು ಶಿಬಿರದಲ್ಲಿ ಮಾಡುತ್ತಿದ್ದೇನೆ. ಹೆಸರು ಕೂಗುವ ಆಟದಲ್ಲಿ ‘ನಾನು ಇವತ್ತು ನೋಡುತ್ತೇನೆ’ ಎಂದು ಪಕ್ಕಕ್ಕೆ ಕೂರುವ ಹಕ್ಕು ಎಲ್ಲ ಮಕ್ಕಳಿಗೂ ಇದೆ. ಪ್ರದರ್ಶನ ಮುಗಿದ ಮೇಲೆ ಬಣ್ಣದ ಕೋಣೆಗೆ ಅರ್ಧ ಗಂಟೆ ಯಾರಿಗೂ ಪ್ರವೇಶವಿಲ್ಲ, ಹೆತ್ತವರಿಗೂ ಇಲ್ಲ. ಕುಣಿದಾಡುವ ಮಕ್ಕಳು ತಾವಾಗಿಯೇ ಹೊರಗೆ ಓಡಿಬರುತ್ತಾರೆ, ಉಳಿದವರು ನಿಧಾನವಾಗಿ ಬರುತ್ತಾರೆ. ಹೂವಿನ ಹಾರ ಹಿಡಿದು ಕಾಯುವ ಕೆಲವು ಅಜ್ಜ ಅಜ್ಜಿಯರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರಿಗೆ ಕುರ್ಚಿ ಹಾಕಿಸಿ, ನೀರು ಕೊಟ್ಟು, ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಈ ಬೇಸಿಗೆಯೂ ಅದೇ ನಿಯಮ ಇರುತ್ತದೆ.