ಅಲ್ಲಿ ಕಾಗದಕ್ಕೆ ಬೆಲೆ ಇದ್ಯಾ?

ಹೋದ ವಾರ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆವು. ಮಳೆ ಹಿಡಿದು ಹದಿನೈದು ದಿನವಾಗಿತ್ತು. ಕಾಗದಪತ್ರಕ್ಕೆಲ್ಲ ಬೂಷ್ಟು ಬಂದಿರುತ್ತದೆ ಎಂದು ಅಮ್ಮನಿಗೆ ಚಿಂತೆ. ಬಚ್ಚಲ ಒಲೆಯ ಎದುರು ಕಂಬಳಿ ಹಾಸಿ ಒಂದೊಂದೇ ಕಾಗದ ಹರವಿದೆವು. ಅಜ್ಜನ ಫಾರಂ 10 ಸಿಕ್ಕಿತು. ಗೇಣಿಗೆ ಮಾಡುತ್ತಿದ್ದ ಎರಡು ಎಕರೆ ಹತ್ತು ಗುಂಟೆ ಗದ್ದೆ ಇನ್ನು ನಿಮ್ಮದೇ ಎಂದು ಹೇಳುವ ಕಾಗದ ಅದು. ಮಡಿಕೆಯಲ್ಲಿ ಹರಿದಿದೆ. ಮೊಹರಿನ ನೇರಳೆ ಬಣ್ಣ ಮಾತ್ರ ಇನ್ನೂ ಹಾಗೇ ಇದೆ. ಅದರ ಕೆಳಗೆ, ಅಮ್ಮ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ದ ನನ್ನ ಹಾರ್ಡ್ ಡಿಸ್ಕು. ಅದರಲ್ಲಿ ಚೀನಾದ ಕೋರ್ಟುಗಳ ನಾಲ್ಕು ಸಾವಿರ ಚಿಲ್ಲರೆ ತೀರ್ಪುಗಳಿವೆ.

ನಾನು ಚೀನಾದ ಕಾನೂನು ಓದುವವಳು. ಓದುವುದು, ಬರೆಯುವುದು, ಪಾಠ ಹೇಳುವುದು. ಹದಿನಾರು ವರ್ಷದಿಂದ ಇದೇ ಕೆಲಸ. ಹೀಗಂದ ತಕ್ಷಣ ಎದುರಿನವರು ಏನು ಕೇಳುತ್ತಾರೆ ಎನ್ನುವುದು ನನಗೆ ಬಾಯಿಪಾಠ ಆಗಿದೆ. ಬೆಂಗಳೂರಿನವರಾದರೆ, "ಅಲ್ಲಿ ಕಾನೂನು ಅಂತ ಒಂದಿದ್ಯಾ?" ನಮ್ಮ ಸಾಗರದ ಕಡೆಯವರಾದರೆ, "ಅವ್ರು ಅಡಿಕೆ ತಗೋತಾರಾ?"

ಎರಡನೆಯದಕ್ಕೆ ಉತ್ತರ ಸುಲಭ. ಹುನಾನ್ ಪ್ರಾಂತ್ಯದವರಿಗೆ ಅಡಿಕೆ ಅಂದರೆ ಹುಚ್ಚು. ಬೆಳೆಯುವುದು ಹೈನಾನ್ ದ್ವೀಪದಲ್ಲಿ, ಅಗಿಯುವುದು ಹುನಾನಿನಲ್ಲಿ. ಆದರೆ ಅವರು ಅಗಿಯುವುದು ಎಳೆಕಾಯಿಯ ಸಿಪ್ಪೆಯನ್ನು! ಬಾಯಿ ಕ್ಯಾನ್ಸರಿನ ಭಯಕ್ಕೆ 2021ರಲ್ಲಿ ಟಿವಿ, ರೇಡಿಯೋಗಳಲ್ಲಿ ಅಡಿಕೆ ಜಾಹೀರಾತು ಬೇಡ ಎಂದು ಆದೇಶವೂ ಆಯಿತು. ಇದನ್ನು ಹೇಳಿದರೆ ನಮ್ಮ ಮಾವ "ಸಿಪ್ಪೆ ತಿಂತಾರಾ, ಥೋ" ಎಂದು ಎದ್ದು ಹೋದರು. ಜಾಹೀರಾತಿನ ಮಾತು ಅವರ ಕಿವಿಗೇ ಬೀಳಲಿಲ್ಲ.

ಮೊದಲನೆಯ ಪ್ರಶ್ನೆಯನ್ನು ಅಜ್ಜ ಬೇರೆ ಥರ ಕೇಳಿದ್ದರು. 2009ರಲ್ಲಿ ವುಹಾನ್‌ಗೆ ಹೊರಟಾಗ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಕೇಳಿದರು: "ಅಲ್ಲಿ ಕಾಗದಕ್ಕೆ ಬೆಲೆ ಇದ್ಯಾ?"

ಈ ಮಾತು ಅಜ್ಜನ ಬಾಯಲ್ಲಿ ಬಂದದ್ದು ಸುಮ್ನೆ ಅಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರಿಗೆ ಹದಿನಾರು ವರ್ಷ. ಭತ್ತ ಅಳೆಯುವ ಕೊಳಗ ದೊಡ್ಡದು ಎಂಬ ಜಗಳ ಅದು. ಅಷ್ಟೇ. ಎಷ್ಟು ಸೇರಿಗೆ ಒಂದು ಕೊಳಗ ಎನ್ನುವುದು ಎಲ್ಲೂ ಕಾಗದದಲ್ಲಿ ಇರಲಿಲ್ಲ, ಒಡೆಯರ ಮನೆಯ ಕೊಳಗವೇ ಕಾನೂನು. ಅದರಿಂದ ಶುರುವಾಗಿ ಲೋಹಿಯಾ ಬಂದು ಬಂಧನವಾಗುವವರೆಗೆ ಹೋಯಿತು. ಆಮೇಲೆ ಭೂಸುಧಾರಣೆ ಕಾನೂನಿಗೆ 1974ರ ತಿದ್ದುಪಡಿ, ಗೇಣಿದಾರರು ಹಾಕುವ ಅರ್ಜಿ ಫಾರಂ 7, ಭೂ ಟ್ರಿಬ್ಯುನಲ್. ಅಜ್ಜ ಎಷ್ಟು ಸಲ ಸಾಗರಕ್ಕೆ ಹೋಗಿ ಬಂದರೋ ಲೆಕ್ಕವಿಲ್ಲ. ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಸ್ವೀಕೃತಿ ಮೊಹರು ಬೀಳುವ ತನಕ ಜಾಗ ಬಿಟ್ಟು ಏಳುತ್ತಿರಲಿಲ್ಲವಂತೆ. ಓದಲು ಬರುತ್ತಿರಲಿಲ್ಲ. ಮೊಹರು ಮಾತ್ರ ಗೊತ್ತಾಗುತ್ತಿತ್ತು.

ನಾನು ಚೀನಾದ ಕಡೆ ತಿರುಗಿದ್ದೂ ಒಂದು ಕಾಗದದಿಂದಲೇ. 2003ರಲ್ಲಿ ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಸೇರಿದ್ದೆ. ಆ ವರ್ಷ ಸುನ್ ಝಿಗಾಂಗ್ ಎಂಬ 27 ವರ್ಷದ ಹುಡುಗನ ಸುದ್ದಿ ಓದಿದೆ. ಊರು ಬಿಟ್ಟು ಗುವಾಂಗ್‌ಝೌಗೆ ಕೆಲಸಕ್ಕೆ ಬಂದಿದ್ದ. ತಾತ್ಕಾಲಿಕ ವಾಸದ ಪರವಾನಗಿ ಜೇಬಿನಲ್ಲಿರಲಿಲ್ಲ ಎಂದು ಪೊಲೀಸರು ಹಿಡಿದರು. ಮೂರೇ ದಿನಕ್ಕೆ ಹೊಡೆತ ತಿಂದು ಸತ್ತ. ಪತ್ರಿಕೆಗಳು ಬರೆದವು. ಕಾನೂನು ಓದಿದ ಮೂವರು ಯುವಕರು, ಹೀಗೆ ಹಿಡಿದಿಡುವ ನಿಯಮವೇ ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸಂಸತ್ತಿಗೆ ಪತ್ರ ಬರೆದರು. ಜೂನ್‌ನಲ್ಲಿ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿತು. ಒಂದು ಚೀಟಿ ಇಲ್ಲದ್ದಕ್ಕೆ ಒಬ್ಬ ಸತ್ತ, ಒಂದು ಪತ್ರದಿಂದ ನಿಯಮ ಅಲ್ಲಾಡಿತು. ಇಪ್ಪತ್ತು ವರ್ಷದ ಹುಡುಗಿಗೆ ಇದಕ್ಕಿಂತ ಇನ್ನೇನು ಬೇಕು? ದೆಹಲಿಗೆ ಹೋಗಿ ಚೀನೀ ಭಾಷೆ ಕಲಿಯುತ್ತೇನೆ ಎಂದು ಹಟ ಹಿಡಿದೆ. (ಆ ಮೂವರಲ್ಲಿ ಒಬ್ಬರಾದ ಶು ಝಿಯೋಂಗ್‌ಗೆ 2023ರಲ್ಲಿ 14 ವರ್ಷ ಜೈಲಾಯಿತು. ಅದು ಆಗ ಗೊತ್ತಿರಲಿಲ್ಲವಲ್ಲ.)

ಭಾಷೆ ಕಲಿಯುವಾಗ ಒಂದು ಅಕ್ಷರದಲ್ಲಿ ಸಿಕ್ಕಿಹಾಕಿಕೊಂಡೆ. ಕಾನೂನಿಗೆ ಅವರು 'ಫಾ' ಎನ್ನುತ್ತಾರೆ. ಬರೆಯುವಾಗ ಎಡಕ್ಕೆ ನೀರಿನ ಮೂರು ಹನಿ, ಬಲಕ್ಕೆ 'ಹೋಗು' ಎನ್ನುವ ಗುರುತು. ಹಳೆಯ ಬರಹದಲ್ಲಿ ಇದರ ಜೊತೆ ಒಂದು ಪ್ರಾಣಿಯೂ ಇತ್ತು. ಒಂಟಿ ಕೊಂಬಿನದು, ಆಡಿನ ಹಾಗೆ. ಇಬ್ಬರು ಜಗಳ ತಂದರೆ ತಪ್ಪು ಮಾಡಿದವನನ್ನು ಕೊಂಬಿನಿಂದ ತಿವಿಯುತ್ತದಂತೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಕಡೆ ತೋಟದ ಬೇಲಿಯ ಮೇಲೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡು ಇರುತ್ತದಲ್ಲ, ಅದು ನೆನಪಾಯಿತು. ಸಿಸಿಟಿವಿ ಇರುವ ತೋಟದಲ್ಲೂ ಆ ಬೋರ್ಡು ಇರುತ್ತದೆ. ಕಾಯಿ ಕದಿಯುವವನು ಹೆದರುವುದು ಬೋರ್ಡಿಗೇ.

ಇನ್ನೊಂದು ಮಜಾ ಇದೆ. 'ಕಾನೂನಿನ ವ್ಯವಸ್ಥೆ' ಎನ್ನುವುದಕ್ಕೂ 'ಕಾನೂನಿನ ಆಳ್ವಿಕೆ' ಎನ್ನುವುದಕ್ಕೂ ಚೀನೀ ಭಾಷೆಯಲ್ಲಿ ಉಚ್ಚಾರ ಒಂದೇ, 'ಫಾಝಿ'. ಬರೆದಾಗ ಮಾತ್ರ ವ್ಯತ್ಯಾಸ. ಒಂದರ ಎರಡನೇ ಅಕ್ಷರದಲ್ಲಿ ಕತ್ತಿಯ ಗುರುತು, ಇನ್ನೊಂದರಲ್ಲಿ ನೀರಿನದು. ಅಲ್ಲಿನ ವಿದ್ವಾಂಸರು ಕತ್ತಿಯ ಝಿ ಬೇಕೋ ನೀರಿನ ಝಿ ಬೇಕೋ ಎಂದು ವರ್ಷಗಟ್ಟಲೆ ಜಗಳವಾಡಿದರು. 1999ರಲ್ಲಿ ಸಂವಿಧಾನಕ್ಕೆ ಸೇರಿದ್ದು ನೀರಿನ ಝಿ. ನೀರು ಗೆದ್ದಿತು ಎಂದು ಬರೆದವರಿದ್ದಾರೆ. ಕೇಳುವ ಕಿವಿಗೆ ಎರಡೂ ಒಂದೇ ಎನ್ನುವುದನ್ನು ನಾನು ಮರೆಯುವುದಿಲ್ಲ.

2012ರ ರಜೆಯಲ್ಲಿ ಬಂದಾಗ ಅಜ್ಜನಿಗೆ ಶ್ಯಾವ್‌ಗಾಂಗ್ ಹಳ್ಳಿಯ ಕಥೆ ಹೇಳಿದೆ. ಆನ್‌ಹುಯಿ ಪ್ರಾಂತ್ಯದ ಬಡ ಊರು. 1978ರ ಚಳಿಗಾಲದಲ್ಲಿ 18 ಮಂದಿ ರೈತರು ಗುಟ್ಟಾಗಿ ಸೇರಿ, ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಹಾಗೆ ಮಾಡುವುದು ಆಗ ಅಪರಾಧ. ಒಂದು ಕಾಗದ ಬರೆದು ಕೆಂಪು ಹೆಬ್ಬೆಟ್ಟು ಒತ್ತಿದರು. ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ಆಗುವ ತನಕ ಉಳಿದವರು ಸಾಕಬೇಕು ಎಂದು ಅದರಲ್ಲಿತ್ತು. ಅಜ್ಜ ಕವಳ ಉಗಿದು ಬಂದು ಕೂತರು. ಹೆಬ್ಬೆಟ್ಟಿನ ವಿಷಯ ಅವರಿಗೆ ಹಿಡಿಸಿತು.

"ಆಮೇಲೆ ಗದ್ದೆ ಅವ್ರ ಹೆಸ್ರಿಗೆ ಆತಾ?"

"ಇಲ್ಲ ಅಜ್ಜ. ಹಳ್ಳಿಯ ಜಮೀನು ಅಲ್ಲಿ ಈಗಲೂ ಊರಿನವರೆಲ್ಲರ ಸಾಮೂಹಿಕ ಆಸ್ತಿ. ಮನೆಗಳಿಗೆ ಕರಾರಿನ ಮೇಲೆ ಕೊಡುತ್ತಾರೆ. ಮೊದಲು 15 ವರ್ಷ, ಆಮೇಲೆ 30 ವರ್ಷ."

"ಹಂಗಾರೆ ಗೇಣಿನೇ ಆತಲ್ಲ."

ಇದಕ್ಕೆ ಉತ್ತರವಾಗಿ ಆಮೇಲೆ ಒಂದು ಲೇಖನವನ್ನೇ ಬರೆದೆ. ಕರಾರಿನ ಹಕ್ಕು ಗೇಣಿಗಿಂತ ಹೇಗೆ ಗಟ್ಟಿ, 2007ರ ಆಸ್ತಿ ಕಾನೂನಿನಲ್ಲಿ ಅದಕ್ಕೆ ಯಾವ ಜಾಗ ಸಿಕ್ಕಿದೆ ಎಂದೆಲ್ಲ ವಿವರಿಸಿದೆ. ಈಗ ಇನ್ನೂ 30 ವರ್ಷ ಮುಂದುವರಿಸಿದ್ದಾರೆ. ಅಜ್ಜ 2016ರಲ್ಲಿ ತೀರಿಕೊಂಡರು. ಆ ಲೇಖನವನ್ನು ಕನ್ನಡದಲ್ಲಿ ಹೇಳಿ ಅವರನ್ನು ಒಪ್ಪಿಸಲು ನನ್ನ ಕೈಲಿ ಆಗುತ್ತಿತ್ತು ಅನ್ನಿಸುವುದಿಲ್ಲ.

ನನ್ನ ಪಿಎಚ್‌ಡಿ 'ಜನ ಅಧಿಕಾರಿಯ ಮೇಲೆ ಹಾಕುವ ದಾವೆ'ಗಳ ಬಗ್ಗೆ. 1989ರಲ್ಲಿ ಮಾಡಿದ ಕಾನೂನು ಅದು, 1990ರ ಅಕ್ಟೋಬರ್‌ನಿಂದ ಜಾರಿ. ಹಳ್ಳಿಯ ಮುದುಕಿಯೂ ಸರ್ಕಾರವನ್ನು ಕೋರ್ಟಿಗೆ ಎಳೆಯಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೋರ್ಟಿನ ಕಿಟಕಿಯಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ತಿರಸ್ಕರಿಸಿದರೆ ಅದೂ ಒಂದು ಆದೇಶವಾಗುತ್ತದೆ, ಮೇಲ್ಮನವಿ ಹಾಕಬಹುದು. ಇವರು ತಿರಸ್ಕರಿಸುತ್ತಲೂ ಇರಲಿಲ್ಲ. ಸ್ವೀಕೃತಿ ಇಲ್ಲ, ನಂಬರಿಲ್ಲ, ಮನೆಗೆ ಹೋಗಿ ಅಷ್ಟೇ. 2015ರ ಮೇ 1ರಿಂದ ಅದು ಬದಲಾಯಿತು. ಬಂದ ಅರ್ಜಿಯನ್ನು ತೆಗೆದುಕೊಂಡು ಲಿಖಿತ ಸ್ವೀಕೃತಿ ಕೊಡಲೇಬೇಕು. ಜೊತೆಗೆ ಇನ್ನೊಂದು ನಿಯಮ: ದಾವೆ ಯಾವ ಕಚೇರಿಯ ಮೇಲೋ ಆ ಕಚೇರಿಯ ಮುಖ್ಯಸ್ಥರೋ ಉಪಮುಖ್ಯಸ್ಥರೋ ಕೋರ್ಟಿಗೆ ಬರಬೇಕು, ಬರಲು ಆಗದಿದ್ದರೆ ಮಾತ್ರ ಬೇರೆ ಸಿಬ್ಬಂದಿ. ನಮ್ಮ ಲೆಕ್ಕದಲ್ಲಿ, ತಹಶೀಲ್ದಾರರೇ ಬಂದು ಕೂರಬೇಕು!

2018ರಲ್ಲಿ ಅಂಥ ಒಂದು ವಿಚಾರಣೆ ನೋಡಿದೆ. ಹುಬೇ ಪ್ರಾಂತ್ಯದ ಒಂದು ಸಣ್ಣ ಕೋರ್ಟು. ಅನುಮತಿಗೆ ಮೂರು ಪತ್ರ ಬೇಕಾಯಿತು. ದಾವೆ ಹಾಕಿದವರು ಎಪ್ಪತ್ತರ ಆಸುಪಾಸಿನ ಹೆಂಗಸು. ಮನೆಗೆ ತಾಗಿ ಕಟ್ಟಿದ್ದ ಎರಡು ಕೋಣೆಗಳನ್ನು ನೋಟಿಸ್ ಕೊಡದೆ ಕೆಡವಿದ್ದರು. ಎದುರು ಮೇಜಿನಲ್ಲಿ ಆಡಳಿತದ ಉಪಮುಖ್ಯಸ್ಥ. ಸ್ಟೀಲಿನ ಟೀ ಫ್ಲಾಸ್ಕ್ ತಂದಿದ್ದ. ಮುಚ್ಚಳ ತಿರುಗಿಸಿ ತೆಗೆಯುತ್ತಿದ್ದ, ಒಂದು ಗುಟುಕು ಕುಡಿಯುತ್ತಿದ್ದ, ಮುಚ್ಚುತ್ತಿದ್ದ. ಎರಡು ಗಂಟೆ ಇದೇ ಆಯಿತು. ಮಾತೆಲ್ಲ ವಕೀಲನದು. ಆ ಹೆಂಗಸು ನ್ಯಾಯಾಧೀಶರ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಇಡೀ ಹೊತ್ತು ಆ ಉಪಮುಖ್ಯಸ್ಥನ ಮೇಲೆ. ಇಂಥದ್ದಕ್ಕೆ ಅಲ್ಲಿ ಒಂದು ಗೇಲಿ ಮಾತೇ ಇದೆ, 'ಕೋರ್ಟಿಗೆ ಬಂದ, ಬಾಯಿ ಬಿಡಲಿಲ್ಲ' ಎಂದು. ಕೆಡವಿದ್ದು ಕಾನೂನಿಗೆ ವಿರುದ್ಧ ಎಂದು ತೀರ್ಪು ಬಂತು. ಕೋಣೆಗಳು ವಾಪಸ್ ಬರಲಿಲ್ಲ, ಪರಿಹಾರಕ್ಕೆ ಬೇರೆ ಅರ್ಜಿ ಹಾಕಬೇಕಿತ್ತು. ಆದರೂ ಅವಳು ಕೆಂಪು ಮೊಹರಿನ ಆ ಕಾಗದವನ್ನು ನನಗೆ ಮುಟ್ಟಲು ಕೊಡಲಿಲ್ಲ. ದೂರದಿಂದ ತೋರಿಸಿ ಮಡಚಿ ಇಟ್ಟುಕೊಂಡಳು.

ಇಷ್ಟು ಹೇಳಿದರೆ ಸುಧಾರಣೆ ಆಗಿದೆ ಎಂದು ಬರೆದುಕೊಳ್ಳುತ್ತಾರೆ. ಅದೇ 2015ರ ಜುಲೈ 9ರಿಂದ 300ಕ್ಕೂ ಹೆಚ್ಚು ವಕೀಲರು, ಹೋರಾಟಗಾರರನ್ನು ಪೊಲೀಸರು ಎತ್ತಿಕೊಂಡು ಹೋದರು. ಕೋರ್ಟಿನ ಕಿಟಕಿ ತೆರೆದು ಎರಡು ತಿಂಗಳು, ಎಂಟು ದಿನಕ್ಕೆ. ಎರಡೂ ನಿಜ. ಕೆಲವರಿಗೆ ಮೊದಲನೆಯದು ಬೇಕು, ಕೆಲವರಿಗೆ ಎರಡನೆಯದು. ಒಂದು ಕೆಲಸದ ಸಂದರ್ಶನದಲ್ಲಿ, ಎಲ್ಲಿ ಎಂದು ಹೇಳುವುದು ಬೇಡ, "ನೀವು ಚೀನಾ ಪರವೋ ವಿರೋಧವೋ, ಒಂದು ಹೇಳಿ" ಎಂದು ಕೇಳಿದರು. ಎರಡು ಕೋಣೆ ಕೆಡವಿದ ವಿಷಯದಲ್ಲಿ ಆ ಕೋರ್ಟು ಎಲ್ಲಿಯ ತನಕ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಅದನ್ನು ಹುಡುಕುತ್ತಿದ್ದೇನೆ ಎಂದೆ. ಆ ಕೆಲಸ ಸಿಗಲಿಲ್ಲ.

2020ರಲ್ಲಿ ದಾರಿ ಮುಚ್ಚಿತು. ವೀಸಾ ಇಲ್ಲ, ವಿಮಾನ ಇಲ್ಲ. ಆಗ ಜೆರೋಮ್ ಕೋಹೆನ್ ನೆನಪಾಗುತ್ತಿದ್ದರು. ಅಮೆರಿಕದ ಪ್ರಾಧ್ಯಾಪಕರು. 1960ರಲ್ಲಿ, 30ನೇ ವಯಸ್ಸಿನಲ್ಲಿ ಚೀನೀ ಅಕ್ಷರ ತಿದ್ದಲು ಕೂತವರು. ಆಗ ಅವರ ದೇಶದವರಿಗೆ ಚೀನಾಕ್ಕೆ ಪ್ರವೇಶವೇ ಇರಲಿಲ್ಲ. ಹಾಂಗ್‌ಕಾಂಗ್‌ಗೆ ಹೋಗಿ, ಗಡಿ ದಾಟಿ ಬಂದವರನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿದರು: ನಿಮ್ಮನ್ನು ಹೇಗೆ ಹಿಡಿದರು, ಯಾರು ವಿಚಾರಣೆ ಮಾಡಿದರು? ಅದರಿಂದ 1968ರಲ್ಲಿ ಚೀನಾದ ಅಪರಾಧ ವಿಚಾರಣೆಯ ಬಗ್ಗೆ ದೊಡ್ಡ ಪುಸ್ತಕ ತಂದರು. 2025ರಲ್ಲಿ, 95ನೇ ವಯಸ್ಸಿಗೆ ತೀರಿಕೊಂಡರು.

ನನಗೆ ಹಾಂಗ್‌ಕಾಂಗ್ ಇರಲಿಲ್ಲ, ಇಂಟರ್ನೆಟ್ ಇತ್ತು. ಚೀನಾದ ಸುಪ್ರೀಂ ಕೋರ್ಟು 2013ರಿಂದ ದೇಶದ ತೀರ್ಪುಗಳನ್ನು ಒಂದೇ ಜಾಲತಾಣಕ್ಕೆ ಹಾಕುತ್ತಾ ಬಂದಿತ್ತು. 2020ರ ಹೊತ್ತಿಗೆ ಅವು 10 ಕೋಟಿ ದಾಟಿದವು. 2021ರ ಮಳೆಗಾಲ ಪೂರ್ತಿ ನಾನು ಊರಲ್ಲಿ. ಕರೆಂಟು ಬಂದಾಗ, ನೆಟ್ ಹಿಡಿದಾಗ, ರಾತ್ರಿ ಎರಡಾದರೂ ಎದ್ದು ಇಳಿಸಿಕೊಳ್ಳುವುದು. ಒಂದು ರಾತ್ರಿ ಆ ಮುದುಕಿಯ ಕೇಸಿನ ನಂಬರ್ ಹಾಕಿದೆ. ಬರಲಿಲ್ಲ. ನೆಟ್ ತೊಂದರೆ ಅಂದುಕೊಂಡೆ. ಬೆಳಗ್ಗೆ ಹಾಕಿದೆ. ಇಲ್ಲ. ಅದರ ಹಿಂದಿನದು ಇತ್ತು, ಮುಂದಿನದು ಇಲ್ಲ. ಸರ್ಕಾರದ ಮೇಲಿನ ದಾವೆಗಳ ತೀರ್ಪುಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿದ್ದವು. ನನ್ನ ಪಿಎಚ್‌ಡಿಯ ಅಡಿಟಿಪ್ಪಣಿಗಳು ತೋರಿಸುವ ಕಡೆ ಈಗ ಏನೂ ಇಲ್ಲ.

ಅವತ್ತು ಅಡುಗೆಮನೆಯಲ್ಲಿ ಕೂತು ಅತ್ತೆ. ಅಮ್ಮನಿಗೆ ವಿಷಯ ಪೂರ್ತಿ ಅರ್ಥವಾಗಲಿಲ್ಲ. "ಇಳಿಸ್ಕೊಂಡಿದ್ದು ಇದ್ಯಲ್ಲ?" ಎಂದು ಕೇಳಿ, ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿ ಟ್ರಂಕಿನಲ್ಲಿಟ್ಟರು. ನಾನು ಬೆಂಗಳೂರಿಗೆ ಒಯ್ದದ್ದು ಅದರ ಪ್ರತಿ. ಅಸಲು ಅಜ್ಜನ ಕಾಗದದ ಜೊತೆಗೇ ಇದೆ.

ಹೋದ ವಾರ ನಾವು ಕಾಗದ ಕಾಯಿಸುತ್ತಿದ್ದಾಗ ಅಮ್ಮನ ಕಡೆಯ ಒಬ್ಬ ಅಣ್ಣ ಬಂದರು. ಬೇರೆ ತಾಲ್ಲೂಕಿನವರು. ಬಗರ್‌ಹುಕುಂ ಜಮೀನು ಸಕ್ರಮ ಮಾಡಿಕೊಡಿ ಎಂದು ಫಾರಂ 57 ಹಾಕಿದ್ದರು. ವಜಾ ಆಗಿದೆ, ಒಂದೇ ಸಾಲಿನ ಕಾರಣ ಕೊಟ್ಟು. "ನೀನು ಕಾನೂನು ಓದಿದೋಳಲ್ಲ, ಎ.ಸಿ. ಕೋರ್ಟಿಗೆ ಒಂದು ಅಪೀಲು ಬರ್ಕೊಡು" ಎಂದರು. ನನಗೆ ಬರುವುದು ಚೀನಾದ ಕಾನೂನು ಎಂದರೆ ಬಿಡಲಿಲ್ಲ. ವಕೀಲ ಗೆಳತಿಗೆ ಫೋನ್ ಮಾಡಿ, ಕೇಳಿ ಕೇಳಿ ಬರೆದುಕೊಟ್ಟೆ. ಬರೆಯುವಾಗ ಸುಮ್ನೆ ಕೂರುವ ಬದಲು ಕೇಳಿದರು:

"ಆ ದೇಶದಲ್ಲಿ ನಮ್ಮಂಥೋರು ಕೇಸ್ ಹಾಕಿದ್ರೆ ತಹಶೀಲ್ದಾರ್ರೇ ಬರ್ಬೇಕಂತೆ, ಹೌದಾ? ಅತ್ತೆ ಹೇಳ್ತಿದ್ರು."

"ಕಾನೂನಿನಲ್ಲಿ ಹಾಗಿದೆ ಅಣ್ಣ."

"ಬಂದು ಏನ್ ಹೇಳ್ತಾರೆ?"

"ಜಾಸ್ತಿ ಏನೂ ಹೇಳಲ್ಲ. ಟೀ ಕುಡೀತಾ ಕೂತಿರ್ತಾರೆ."

ಅಣ್ಣ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಎಷ್ಟೊತ್ತು?"

"ನಾನು ನೋಡಿದ ದಿನ ಎರಡು ಗಂಟೆ."

"ಎರಡು ಗಂಟೆ ಎದುರಿಗೆ ಕೂತಿದ್ರಾ!" ಎಂದು ಅಪೀಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಗಿಯ ಒಳಗೆ ಸಿಕ್ಕಿಸಿಕೊಂಡು, ಕೊಡೆ ಬಿಚ್ಚಿದರು. ಸ್ವೀಕೃತಿ ಹಾಕಿಸದೆ ಬರಬೇಡಿ ಎಂದು ಅಮ್ಮ ಹಿಂದಿನಿಂದ ಕೂಗಿ ಹೇಳಿದರು.