ಟ್ರಯಾಥ್ಲಾನ್ ಸೈಕಲ್ಲಿಗೆ ಎಷ್ಟು ಆಳದ ವೀಲ್ ತಗೊಳ್ಳಲಿ?

ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಾಥ್ಲಾನ್ ರೇಸಿಗೆಂದು ಹೊಸ ಚಕ್ರ ಕೊಳ್ಳಲು ಹೊರಟವರೆಲ್ಲ ಕೇಳುವುದು ಹೆಚ್ಚುಕಡಿಮೆ ಇದನ್ನೇ. "50 ಮಿಮೀ ಸಾಕಾ, 60 ಬೇಕಾ, 80 ಹಾಕಿದರೆ ಇನ್ನೂ ವೇಗವಾ, ಹಿಂದಕ್ಕೆ ಡಿಸ್ಕ್ ಹಾಕಲೇಬೇಕಾ?" ಆಳ ಎಂದರೆ ಟೈರು ಕೂರುವ ಬಳೆ, ಅಂದರೆ ರಿಮ್ಮು, ಚಕ್ರದ ನಡುವಿನ ಕಡೆಗೆ ಎಷ್ಟು ಚಾಚಿದೆ ಎಂಬುದು; ಡಿಸ್ಕ್ ಎಂದರೆ ಸ್ಪೋಕಿಲ್ಲದೆ ಪೂರ್ತಿ ಮುಚ್ಚಿದ ಚಕ್ರ. ನನ್ನ ಉತ್ತರ ಚಿಕ್ಕದು. ಅಡ್ಡಗಾಳಿ ಬೀಸಿದಾಗಲೂ ಎಷ್ಟು ಆಳದ ರಿಮ್ಮಿನಲ್ಲಿ ಏರೋಬಾರ್ (ಮೊಣಕೈ ಊರಿ ಬಾಗಿ ಹಿಡಿಯುವ ಹ್ಯಾಂಡಲ್) ಬಿಡದೆ ಕೂರಬಲ್ಲಿರೋ ಅಷ್ಟು ಆಳದ್ದು ಮುಂದಕ್ಕೆ. ರೇಸಿನ ನಿಯಮವೂ ನಿಮ್ಮ ಜೇಬೂ ಒಪ್ಪುವಷ್ಟು ಆಳದ್ದು ಹಿಂದಕ್ಕೆ. ಎರಡೂ ಒಂದೇ ಆಳದ ಜೋಡಿಯಾಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಆದರೆ ಈ ಉತ್ತರ ಉಪಯೋಗಕ್ಕೆ ಬರಬೇಕಾದರೆ ಕೆಲವು ಲೆಕ್ಕ ಗೊತ್ತಿರಬೇಕು.

ಮೊದಲು ಜಾಹೀರಾತಿನ ವ್ಯಾಟ್ ಲೆಕ್ಕ. "20 ವ್ಯಾಟ್ ಉಳಿತಾಯ" ಎಂದು ಬರೆದಿದ್ದರೆ, ಅದನ್ನು ಯಾವ ವೇಗದಲ್ಲಿ ಅಳೆದದ್ದು ಎಂದು ಹುಡುಕಿ. ವಿಂಡ್ ಟನೆಲ್ (ಗಾಳಿ ಬೀಸಿಸಿ ತಡೆ ಅಳೆಯುವ ಸುರಂಗ) ಪರೀಕ್ಷೆಗಳು ಸಾಮಾನ್ಯವಾಗಿ ಗಂಟೆಗೆ 48 ಕಿಮೀ ಆಸುಪಾಸಿನಲ್ಲಿ ನಡೆಯುತ್ತವೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ 48ರಲ್ಲಿ ಸಿಗುವ 20 ವ್ಯಾಟ್, 40 ಕಿಮೀ ವೇಗದಲ್ಲಿ ಸುಮಾರು 11.6 ವ್ಯಾಟ್ ಆಗುತ್ತದೆ. 30 ಕಿಮೀ ವೇಗದಲ್ಲಿ 5 ವ್ಯಾಟ್ ಕೂಡ ಪೂರ್ತಿ ಉಳಿಯುವುದಿಲ್ಲ. ಇಷ್ಟು ಕೇಳಿದ ಕೂಡಲೇ ನಿಧಾನವಾಗಿ ಓಡಿಸುವವರು "ಹಾಗಾದರೆ ನಮಗೆ ಇದು ದಂಡ" ಎನ್ನುತ್ತಾರೆ. ಸ್ವಲ್ಪ ತಡೆಯಿರಿ. 180 ಕಿಮೀ ದೂರವನ್ನು 270 ವ್ಯಾಟ್ ಹಾಕಿ ನಾಲ್ಕೂವರೆ ಗಂಟೆಯಲ್ಲಿ ಮುಗಿಸುವವರಿಗೆ 11.6 ವ್ಯಾಟ್ ಎಂದರೆ ಶೇ 4.3. ವೇಗ ಹೆಚ್ಚುವುದು ಅದರ ಮೂರನೇ ಒಂದರಷ್ಟು ಮಾತ್ರ, ಶೇ 1.4, ಸಮಯದಲ್ಲಿ ಹೆಚ್ಚುಕಡಿಮೆ 4 ನಿಮಿಷ. ಅದೇ ದೂರವನ್ನು 150 ವ್ಯಾಟ್ ಹಾಕಿ 6 ಗಂಟೆಯಲ್ಲಿ ಮುಗಿಸುವವರಿಗೆ 5 ವ್ಯಾಟ್ ಎಂದರೆ ಶೇ 3.3, ಅಲ್ಲೂ ಉಳಿಯುವುದು ಸುಮಾರು 4 ನಿಮಿಷವೇ. ವ್ಯಾಟ್ ಕಮ್ಮಿಯಾದರೂ ರಸ್ತೆಯ ಮೇಲಿರುವ ಹೊತ್ತು ಹೆಚ್ಚಾದ್ದರಿಂದ ನಿಮಿಷದ ಲೆಕ್ಕದಲ್ಲಿ ಇಬ್ಬರೂ ಸಮ.

ಈ 4 ನಿಮಿಷವನ್ನು ಇದಕ್ಕಿಂತ ಅಗ್ಗವಾಗಿ ಪಡೆಯುವ ದಾರಿಗಳಿವೆಯೇ? ಇವೆ, ಅವನ್ನು ಮೊದಲು ಮುಗಿಸಿಕೊಳ್ಳಿ. ಗಾಳಿ ತಡೆಯುವುದರಲ್ಲಿ ಸಿಂಹಪಾಲು ಸವಾರರ ಮೈಯದು. ಸರಿಯಾದ ಬೈಕ್ ಫಿಟ್, ಏರೋ ಹೆಲ್ಮೆಟ್, ಮೈಗಂಟಿದ ಟ್ರೈಸೂಟ್ ಆಗುವ ಮುಂಚೆಯೇ ಕಾರ್ಬನ್ ರಿಮ್ಮಿಗೆ ದುಡ್ಡು ಸುರಿಯುವುದು ತಲೆಕೆಳಗಾದ ಕ್ರಮ. ಟೈರಿನದಂತೂ ಇನ್ನೂ ನೇರ ಲೆಕ್ಕ. ಸವಾರ, ಸೈಕಲ್ಲು, ನೀರು ಎಲ್ಲ ಸೇರಿ 85 ಕೆಜಿ, ವೇಗ 36 ಕಿಮೀ ಎಂದುಕೊಳ್ಳಿ. ಉರುಳುವ ತಡೆಯ ಗುಣಾಂಕ 0.005 ಇರುವ ದಪ್ಪನೆಯ ತರಬೇತಿ ಟೈರು ಸುಮಾರು 42 ವ್ಯಾಟ್ ನುಂಗುತ್ತದೆ, 0.003 ಇರುವ ಒಳ್ಳೆಯ ರೇಸ್ ಟೈರು 25 ವ್ಯಾಟ್. ಜೋಡಿ ಟೈರಿನಲ್ಲೇ 17 ವ್ಯಾಟ್ ವ್ಯತ್ಯಾಸ. ದುಬಾರಿ ಚಕ್ರಕ್ಕೆ ಪಂಕ್ಚರ್ ಆಗದಿರಲೆಂದು ಗಟ್ಟಿ ಟೈರು ಹಾಕಿಕೊಂಡು ಬರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ: ರಿಮ್ಮು ಉಳಿಸಿದ್ದನ್ನೆಲ್ಲ ಟೈರು ತಿಂದಿರುತ್ತದೆ.

ಟೈರು ಬೇರೆ, ರಿಮ್ಮು ಬೇರೆ ಎಂದು ನೋಡುವುದೂ ತಪ್ಪು. ಗಾಳಿಗೆ ಕಾಣುವುದು ಎರಡೂ ಸೇರಿದ ಒಂದೇ ಆಕಾರ. ಚಕ್ರದ ಮುಂಭಾಗದಲ್ಲಿ ಗಾಳಿ ಮೊದಲು ಟೈರಿಗೆ ಬಡಿದು ರಿಮ್ಮಿನ ಮೈಗುಂಟ ಹರಿಯಬೇಕು. ಟೈರು ರಿಮ್ಮಿಗಿಂತ ಉಬ್ಬಿದ್ದರೆ ಆ ಹರಿವು ಟೈರಿನ ಅಂಚಿನಲ್ಲೇ ಕಿತ್ತುಹೋಗಿ, ರಿಮ್ಮು ಎಷ್ಟು ಆಳವಿದ್ದರೂ ಅಷ್ಟಕ್ಕಷ್ಟೇ. ಇದಕ್ಕೆ 105ರ ಸೂತ್ರ ಎಂಬ ಹಳೆಯ ಲೆಕ್ಕವಿದೆ: ರಿಮ್ಮಿನ ಹೊರ ಅಗಲ, ಟೈರಿನ ಅಗಲದ ಶೇ 105ರಷ್ಟಾದರೂ ಇರಬೇಕು. 28 ಮಿಮೀ ಹೊರ ಅಗಲದ ರಿಮ್ಮಿಗೆ ಟೈರು 26.7 ಮಿಮೀ ದಾಟಬಾರದು. 30ರ ರಿಮ್ಮಿಗೆ 28.6. ಇಲ್ಲಿ ಎಡವುವುದು ಎಲ್ಲಿ ಗೊತ್ತೇ? ಟೈರಿನ ಪಕ್ಕದಲ್ಲಿ ಅಚ್ಚು ಹಾಕಿದ ಸಂಖ್ಯೆಯನ್ನು ನಂಬುವುದರಲ್ಲಿ. ಒಳ ಅಗಲ 21 ಮಿಮೀ ಇರುವ ರಿಮ್ಮಿನಲ್ಲಿ "25" ಎಂದಿರುವ ಟೈರು ಗಾಳಿ ತುಂಬಿದ ಮೇಲೆ 27ರ ಹತ್ತಿರ ಹೋಗಬಹುದು. ಟೈರು ಹಾಕಿ, ರೇಸಿನ ಒತ್ತಡಕ್ಕೆ ಗಾಳಿ ತುಂಬಿ, ಒಂದು ದಿನ ಹಿಗ್ಗಲು ಬಿಟ್ಟು, ಆಮೇಲೆ ವರ್ನಿಯರ್ ಕ್ಯಾಲಿಪರ್ ಹಿಡಿದು ಮೂರು ನಾಲ್ಕು ಕಡೆ ಅಳೆಯಿರಿ. ಆ ಅಳತೆಯೇ ಲೆಕ್ಕಕ್ಕೆ ಬರುವುದು. ಹಿಂದಿನ ಚಕ್ರ ಹೇಗೂ ಫ್ರೇಮಿನ ಮರೆಯಲ್ಲಿರುತ್ತದೆ, ಅಲ್ಲಿ ಇದನ್ನು ಸ್ವಲ್ಪ ಸಡಿಲಿಸಿದರೂ ನಡೆಯುತ್ತದೆ.

ಈಗ ಗಾಳಿಯ ಕೋನ. ಗಾಳಿ ಪೂರ್ತಿ ಪಕ್ಕದಿಂದ ಬೀಸಿದರೂ ಸೈಕಲ್ಲಿಗೆ ಅದು ಓರೆಯಾಗಿಯೇ ತಗಲುತ್ತದೆ, ಏಕೆಂದರೆ ನಿಮ್ಮದೇ ವೇಗ ಎದುರಿಂದ ಗಾಳಿಯನ್ನು ಹುಟ್ಟಿಸುತ್ತಿರುತ್ತದೆ. ಸೆಕೆಂಡಿಗೆ 10 ಮೀಟರ್, ಅಂದರೆ 36 ಕಿಮೀ ವೇಗದಲ್ಲಿರುವವರಿಗೆ ಪಕ್ಕದಿಂದ ಸೆಕೆಂಡಿಗೆ 2 ಮೀಟರ್ ಗಾಳಿ ಬಂದರೆ ತಗಲುವ ಕೋನ ಸುಮಾರು 11 ಡಿಗ್ರಿ. ಅದೇ ಗಾಳಿ 29 ಕಿಮೀ ವೇಗದಲ್ಲಿರುವವರಿಗೆ 14 ಡಿಗ್ರಿ. ನಿಧಾನವಾದಷ್ಟೂ ಗಾಳಿ ಹೆಚ್ಚು ಅಡ್ಡವಾಗುತ್ತದೆ. ಆದ್ದರಿಂದ ಸೊನ್ನೆ ಡಿಗ್ರಿಯ ಅಂಕಿ ಒಂದನ್ನೇ ತೋರಿಸುವ ಪಟ್ಟಿಯಿಂದ ನಮ್ಮಂಥ ಸಾಮಾನ್ಯ ಸ್ಪರ್ಧಿಗಳಿಗೆ ಹೆಚ್ಚೇನೂ ತಿಳಿಯುವುದಿಲ್ಲ; 5ರಿಂದ 15 ಡಿಗ್ರಿ ನಡುವೆ ಚಕ್ರ ಹೇಗಿರುತ್ತದೆ ಎಂಬುದನ್ನು ನೋಡಬೇಕು. ಚೂಪಾದ V ಆಕಾರದ ಹಳೆಯ ರಿಮ್ಮುಗಳು ಸೋಲುವುದು ಇಲ್ಲೇ. ಕೋನ ಹೆಚ್ಚಿದಾಗ ಗಾಳಿಯ ಹರಿವು ಅವುಗಳ ಮೈಯಿಂದ ತಟ್ಟನೆ ಬಿಟ್ಟುಹೋಗುತ್ತದೆ. ಅಗಲವಾಗಿ, ಒಳ ತುದಿ ದುಂಡಗಿರುವ ಇಂದಿನ ರಿಮ್ಮುಗಳಲ್ಲಿ ಹರಿವು ಹೆಚ್ಚು ಕೋನದವರೆಗೆ ಅಂಟಿಕೊಂಡಿರುತ್ತದೆ, ಬಿಡುವಾಗಲೂ ಒಂದೇ ಸಲಕ್ಕೆ ಬಿಡುವುದಿಲ್ಲ. ಕಾರಣ ಸರಳ: ಚಕ್ರದ ಹಿಂದಿನ ಅರ್ಧದಲ್ಲಿ ಗಾಳಿಗೆ ಮೊದಲು ಎದುರಾಗುವುದು ಟೈರಲ್ಲ, ರಿಮ್ಮಿನ ಒಳ ತುದಿ. ಅಲ್ಲಿ ಚೂಪು ತುದಿಗಿಂತ ದುಂಡು ತುದಿಯೇ ಮೇಲು.

ಚೂಪು ರಿಮ್ಮಿನ ಆ "ತಟ್ಟನೆ"ಯೇ ಹ್ಯಾಂಡಲ್ ಎಳೆಯುವುದು. ಮುಂದಿನ ಚಕ್ರದ ಮೇಲೆ ಗಾಳಿಯ ಒತ್ತಡ ಬೀಳುವ ಬಿಂದು ಸ್ಟಿಯರಿಂಗ್ ಅಕ್ಷಕ್ಕಿಂತ ಮುಂದಿದ್ದರೆ ಚಕ್ರ ಗಾಳಿ ಹೋಗುವ ದಿಕ್ಕಿಗೇ ತಿರುಗುತ್ತದೆ. ಒಂದೇ ಸಮನೆ ಬೀಸುವ ಗಾಳಿಗೆ ಮೈ ತಾನಾಗಿ ಹೊಂದಿಕೊಳ್ಳುತ್ತದೆ. ತೊಂದರೆ ಕೊಡುವುದು ಬಿಟ್ಟುಬಿಟ್ಟು ಬರುವ ಗಾಳಿ. ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವಾಗ ಅರೆಕ್ಷಣ ಗಾಳಿ ನಿಂತು, ಲಾರಿ ಮುಂದೆ ಹೋದ ಕೂಡಲೇ ಪಕ್ಕದಿಂದ ಗುದ್ದಿದ ಹಾಗೆ ವಾಪಸ್ ಬರುತ್ತದೆ. ಸೇತುವೆಯ ಬಾಯಿಯಲ್ಲಿ, ಗುಡ್ಡ ಕಡಿದ ದಾರಿ ಮುಗಿಯುವಲ್ಲಿ ಕೂಡ ಹಾಗೆಯೇ. ಆಗ ಹೆದರಿ ಕೈಯನ್ನು ಏರೋಬಾರಿನಿಂದ ಅದರ ಇಕ್ಕೆಲದ ಅಗಲ ಹಿಡಿಯಾದ ಬೇಸ್ ಬಾರಿಗೆ ತಂದು ಎದ್ದು ಕೂತರೆ, ಎದೆಗೆ ಬಡಿಯುವ ಗಾಳಿಯ ನಷ್ಟ ಚಕ್ರ ಉಳಿಸಿಕೊಟ್ಟಿದ್ದರ ಹಲವು ಪಟ್ಟು. 80 ಮಿಮೀ ಹಾಕಿಕೊಂಡು ರೇಸಿನ ಕಾಲು ಭಾಗ ಎದ್ದು ಕೂರುವುದಕ್ಕಿಂತ 50 ಮಿಮೀ ಹಾಕಿಕೊಂಡು ಕೊನೆಯವರೆಗೂ ಮಲಗಿ ಓಡಿಸುವವರು ಮೊದಲು ಬರುತ್ತಾರೆ.

ನನ್ನ ಅಂದಾಜು ಹೀಗಿದೆ. ತೂಕ 60 ಕೆಜಿ ಒಳಗಿದ್ದರೆ ಮುಂದಕ್ಕೆ 40ರಿಂದ 50 ಮಿಮೀ. 60ರಿಂದ 75ರ ನಡುವೆ 60 ಮಿಮೀ. ಅದಕ್ಕಿಂತ ತೂಕವಿದ್ದು, ಏರೋಬಾರಿನಲ್ಲಿ ಪಳಗಿದವರಾದರೆ 80. ಯಾವ ಗುಂಪಿಗೆ ಸೇರುತ್ತೀರೆಂಬ ಅನುಮಾನವಿದ್ದರೆ ಒಂದು ಮೆಟ್ಟಿಲು ಕೆಳಗಿನದನ್ನೇ ಹಿಡಿಯಿರಿ, ಏಕೆಂದರೆ 60ರಿಂದ 80ಕ್ಕೆ ಹೋದರೆ ಸಿಗುವ ಲಾಭ, ಮಾಮೂಲಿ ರಿಮ್ಮಿನಿಂದ 50ಕ್ಕೆ ಬಂದಾಗ ಸಿಕ್ಕಿದ್ದಕ್ಕಿಂತ ತುಂಬಾ ಕಡಿಮೆ. ರೇಸ್ ಚಕ್ರವನ್ನು ರೇಸಿನ ದಿನಕ್ಕೇ ತೆಗೆದಿಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಾಳಿ ಜೋರಿರುವ ದಿನವೇ ಅದನ್ನು ಹಾಕಿಕೊಂಡು ಹೊರಡಿ. ಕೈ ಬಿಗಿಹಿಡಿಯದೆ, ಭಾರವನ್ನು ಮೊಣಕೈ ಪ್ಯಾಡಿನ ಮೇಲೆ ಬಿಟ್ಟು, ಪೆಡಲ್ ನಿಲ್ಲಿಸದೆ ಓಡಿಸುವುದು ಅಭ್ಯಾಸದಿಂದಷ್ಟೇ ಬರುತ್ತದೆ.

ಹಿಂದಿನ ಚಕ್ರದ ಕಥೆ ಬೇರೆ. ಅದು ಹ್ಯಾಂಡಲಿನ ಜೊತೆ ತಿರುಗುವುದಿಲ್ಲ, ಮೈಭಾರದ ದೊಡ್ಡ ಪಾಲು ಅದರ ಮೇಲಿರುತ್ತದೆ. ಡಿಸ್ಕ್ ಹಾಕಿದರೆ ಅಡ್ಡಗಾಳಿಯ ಒತ್ತಡ ಹಿಂದಕ್ಕೆ ಸರಿದು ಸೈಕಲ್ಲು ನೇರ ನಿಲ್ಲಲು ನೆರವಾಗುವುದೂ ಉಂಟು. ಹೊಸಬರು ಡಿಸ್ಕಿಗೆ ಹೆದರಿ ಮುಂದಕ್ಕೆ 80 ಹಾಕುತ್ತಾರೆ, ಹೆದರಬೇಕಾದ್ದು ಉಲ್ಟಾ. ದುಡ್ಡಿನ ಚಿಂತೆಯಿದ್ದರೆ, ಈಗಿರುವ ಹಿಂದಿನ ಚಕ್ರಕ್ಕೇ ಎರಡೂ ಕಡೆ ಕೂರಿಸುವ ಪ್ಲಾಸ್ಟಿಕ್ ಅಥವಾ ಕಾರ್ಬನ್ ಕವರ್ ಸಿಗುತ್ತದೆ. ಗಾಳಿಗೆ ಅದು ಡಿಸ್ಕಿನ ಹತ್ತಿರ ಹತ್ತಿರವೇ ಇರುತ್ತದೆ, ಬೆಲೆ ಅದರ ಒಂದು ಸಣ್ಣ ಭಾಗ. ಕೊಟ್ಟ ದುಡ್ಡಿಗೆ ಇಷ್ಟು ವೇಗ ಕೊಡುವ ಇನ್ನೊಂದು ಭಾಗ ಸೈಕಲ್ಲಿನಲ್ಲಿ ಕಡಿಮೆ. ಕೂರಿಸಿದ ಮೇಲೆ ಚಕ್ರ ತಿರುಗಿಸಿ ಬ್ರೇಕಿಗೆ, ಚೈನ್‌ಸ್ಟೇಗೆ, ಗೇರ್ ಬದಲಿಸುವ ಡಿರೇಲರಿಗೆ ತಾಕುತ್ತದೆಯೇ ನೋಡಿ. ನಿಯಮವನ್ನೂ ಓದಿಕೊಳ್ಳಿ: ಡ್ರಾಫ್ಟಿಂಗ್ (ಮುಂದಿನವರ ಬೆನ್ನಿಗಂಟಿ ಗಾಳಿಮರೆಯಲ್ಲಿ ಓಡಿಸುವುದು) ಇಲ್ಲದ ರೇಸುಗಳಲ್ಲಿ ಮುಂದಿನ ಚಕ್ರ ಸ್ಪೋಕಿನದೇ ಇರಬೇಕು, ಡಿಸ್ಕು ಮತ್ತು ಕವರ್ ಹಿಂದಕ್ಕೆ ಮಾತ್ರ. ಹವಾಯಿಯ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ವರ್ಷಗಳ ಕಾಲ ಹಿಂದಕ್ಕೂ ಡಿಸ್ಕ್ ನಿಷಿದ್ಧವಾಗಿತ್ತು, ಅಲ್ಲಿನ ಅಡ್ಡಗಾಳಿ ಅಂಥದ್ದು; ಈಗಿನ ನಿಯಮ ನೋಡಿಕೊಳ್ಳಿ. ಡ್ರಾಫ್ಟಿಂಗ್ ಇರುವ ರೇಸುಗಳಲ್ಲೂ ಡಿಸ್ಕ್ ನಡೆಯುವುದಿಲ್ಲ.

"ಆಳದ ಚಕ್ರ ಭಾರ, ಏರಿನಲ್ಲಿ ಕಷ್ಟವಲ್ಲವೇ?" ಶೇ 6ರ ಏರಿನಲ್ಲಿ ಗಂಟೆಗೆ 14 ಕಿಮೀ ವೇಗದಲ್ಲಿ ಹತ್ತುವಾಗ ಅರ್ಧ ಕೆಜಿ ಹೆಚ್ಚುವರಿ ತೂಕಕ್ಕೆ ಬೇಕಾಗುವುದು 1.2 ವ್ಯಾಟ್. ಈ ಚಿಂತೆ ಬಿಟ್ಟುಬಿಡಿ.

ಬಿಡಬಾರದ ಚಿಂತೆಗಳು ಬೇರೆ ಇವೆ, ಅವು ಕೊಂಡ ಮೇಲೆ ಗೊತ್ತಾಗುವಂಥವು. ಡಿಸ್ಕ್ ಬ್ರೇಕ್ (ಇದು ಡಿಸ್ಕ್ ಚಕ್ರವಲ್ಲ, ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಬ್ರೇಕ್) ಸೈಕಲ್ಲಾದರೆ ಸಾಮಾನ್ಯವಾಗಿ ಮುಂದೆ 12×100, ಹಿಂದೆ 12×142 ಮಿಮೀ ತ್ರೂ ಆಕ್ಸಲ್, ಅಂದರೆ ತೂರಿಸಿ ತಿರುಪುವ ಅಚ್ಚು. ರಿಮ್ ಬ್ರೇಕಾದರೆ ಕ್ವಿಕ್ ರಿಲೀಸ್, ಹಿಂದಿನ ಹಬ್ 130 ಮಿಮೀ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಿಂದಿನ ಗೇರ್ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ ಕೂರುವ ಭಾಗವೇ ಫ್ರೀಹಬ್: 10 ಹಲ್ಲಿನಿಂದ ಶುರುವಾಗುವ ಸ್ರ್ಯಾಮ್ ಕ್ಯಾಸೆಟ್ಟಿಗೆ ಎಕ್ಸ್‌ಡಿಆರ್ ಫ್ರೀಹಬ್ ಬೇಕು, ಶಿಮಾನೊದ 11 ಹಲ್ಲಿನದಕ್ಕೆ ಎಚ್‌ಜಿ. ಹಳೆಯ ಟ್ರೈ ಫ್ರೇಮುಗಳಲ್ಲಿ ಸೀಟ್ ಟ್ಯೂಬ್ ಚಕ್ರಕ್ಕೆ ಅಂಟಿಕೊಂಡಂತಿದ್ದು 25 ಮಿಮೀ ಮೇಲಿನ ಟೈರಿಗೆ ಜಾಗವೇ ಇರುವುದಿಲ್ಲ. ಸುತ್ತ 3–4 ಮಿಮೀ ಬಿಡುವು ಉಳಿಯಬೇಕು. ರಿಮ್ ಬ್ರೇಕಿನಲ್ಲಿ ಕಾರ್ಬನ್ ರಿಮ್ಮಿಗೆ ಅದರದೇ ಪ್ಯಾಡ್ ಹಾಕಿ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಸವೆದ ಪ್ಯಾಡಿನಲ್ಲಿ ಲೋಹದ ಚೂರು ಸಿಕ್ಕಿಕೊಂಡಿದ್ದು ಕಾರ್ಬನ್ನನ್ನು ಗೀರುತ್ತವೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಯೇ ಇಳಿದರೆ ಕಾರ್ಬನ್ ರಿಮ್ಮು ಕಾದು ಮೆತ್ತಗಾಗುವ ಅಪಾಯವೂ ಇದೆ. ಚಕ್ರ ಬದಲಿಸಿದಾಗ ಕ್ಯಾಸೆಟ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆಯಾಗುವುದರಿಂದ ಡಿರೇಲರ್ ಸ್ಪೋಕಿನ ಕಡೆಗೆ ಎಷ್ಟು ಸರಿಯಬಹುದೆಂದು ಮಿತಿ ಹಾಕುವ ಒಳಗಿನ ಲಿಮಿಟ್ ಸ್ಕ್ರೂ ನೋಡದೆ ಹೊರಡಬೇಡಿ. ಇಲ್ಲವಾದರೆ ಏರಿನಲ್ಲಿ ದೊಡ್ಡ ಹಲ್ಲಿಗೆ ಹಾಕಿದ ಚೈನು ಸ್ಪೋಕಿನೊಳಗೆ ಬೀಳುತ್ತದೆ.

ಹುಕ್‌ಲೆಸ್ ರಿಮ್ಮಿನ (ಟೈರಿನ ಅಂಚನ್ನು ಹಿಡಿದಿಡುವ ಕೊಕ್ಕೆಯಂಥ ಅಂಚಿಲ್ಲದ ರಿಮ್ಮು) ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಅದಕ್ಕೆ ಒತ್ತಡದ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಒಳಗೆ ಟ್ಯೂಬ್ ಹಾಕಿದರೂ ಹೊರಗಿನದು ಹುಕ್‌ಲೆಸ್‌ಗೆ ಒಪ್ಪುವ ಟ್ಯೂಬ್‌ಲೆಸ್ ಟೈರೇ ಆಗಿರಬೇಕು. ಮಾಮೂಲಿ ಟೈರು ಹಾಕಿದರೆ ಅಂಚು ಬಿಟ್ಟು ಹೊರಗೆ ಹಾರುತ್ತದೆ. ರಿಮ್ ತಯಾರಕರ ಪಟ್ಟಿಯಲ್ಲಿ ಆ ಟೈರಿನ ಹೆಸರೂ ಅಳತೆಯೂ ಇದ್ದರಷ್ಟೇ ಹಾಕಿ. 85–90 ಕೆಜಿ ತೂಗುವವರಿಗೆ 28 ಮಿಮೀ ಟೈರಿನಲ್ಲಿ ಬೇಕಾಗುವ ಒತ್ತಡ ಈ ಮಿತಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ಅಂಥವರು ಹುಕ್ ಇರುವ ರಿಮ್ಮನ್ನೇ ಆರಿಸುವುದು ಲೇಸು.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಸ್ಪೋಕ್ ತೂತುಗಳ ಸುತ್ತ ಕೂದಲೆಳೆಯ ಬಿರುಕಿದೆಯೇ, ಬ್ರೇಕ್ ತಾಕುವ ಮೈ ಒಳಗೆ ಕುಸಿದಿದೆಯೇ ಎಂದು ಬೆರಳಾಡಿಸಿ ನೋಡಿ. ನಾಣ್ಯದಿಂದ ರಿಮ್ಮಿನ ಸುತ್ತ ತಟ್ಟುತ್ತಾ ಹೋದಾಗ ಒಂದೇ ಕಡೆ ಸದ್ದು ಮಂಕಾದರೆ ಒಳಪದರ ಬಿಟ್ಟಿರುವ ಅನುಮಾನ, ಕೈಬಿಡಿ.

ಕೊನೆಗೆ ವಾಲ್ವ್. 60 ಮಿಮೀ ರಿಮ್ಮಿಗೆ 80 ಮಿಮೀ ವಾಲ್ವ್, 80ರ ರಿಮ್ಮಿಗೆ 100 ಅಥವಾ ವಾಲ್ವನ್ನು ಉದ್ದ ಮಾಡುವ ಕೊಳವೆ, ಎಕ್ಸ್‌ಟೆಂಡರ್. ಪಂಪಿನ ತಲೆ ಹಿಡಿಯಲು 15–20 ಮಿಮೀ ಆದರೂ ಹೊರಗಿರಬೇಕು. ಗಾಳಿ ತಡೆಯುವ ಒಳತಿರುಳಾದ ವಾಲ್ವ್ ಕೋರ್ ಬಿಚ್ಚಿ ಎಕ್ಸ್‌ಟೆಂಡರಿನ ತುದಿಗೆ ಹಾಕುವ ಬಗೆಯದು ಒಳ್ಳೆಯದು, ಮರೆಯಲ್ಲಿ ಕೋರ್ ತೆರೆದಿದೆಯೋ ಮುಚ್ಚಿದೆಯೋ ಎಂಬ ಗೊಂದಲವಿರುವುದಿಲ್ಲ. ತಿರುಪಿಗೆ ಒಂದು ಸುತ್ತು ಪ್ಲಂಬಿಂಗ್ ಟೇಪ್ ಸುತ್ತಿ. ಕೈಲಿರುವ ಬದಲಿ ಟ್ಯೂಬಿನ ವಾಲ್ವೂ ಅಷ್ಟೇ ಉದ್ದವಿರಬೇಕು. ಇದನ್ನು ಮರೆತವರು ಪಂಕ್ಚರಾದ ಮೇಲೆ ರಸ್ತೆ ಬದಿಯಲ್ಲಿ ಸುಮ್ಮನೆ ನಿಲ್ಲುತ್ತಾರೆ. ಲ್ಯಾಟೆಕ್ಸ್ ಟ್ಯೂಬು ರಾತ್ರಿಯಲ್ಲಿ ಗಾಳಿ ಬಿಡುವುದರಿಂದ ರೇಸಿನ ಬೆಳಿಗ್ಗೆ ಮತ್ತೆ ತುಂಬಲೇಬೇಕು. ಡಿಸ್ಕಿನಲ್ಲಿ ವಾಲ್ವ್ ಇರುವ ಗುಳಿ ಇಕ್ಕಟ್ಟು, ಸೈಕಲ್ಲುಗಳನ್ನು ನಿಲ್ಲಿಸುವ ಟ್ರಾನ್ಸಿಷನ್ನಿನಲ್ಲಿ ಪಕ್ಕದವರಿಂದ ಎರವಲು ಪಡೆದ ಪಂಪಿನ ತಲೆ ಅದರೊಳಗೆ ಹೋಗುವುದಿಲ್ಲ. ಬಾಗಿದ ಡಿಸ್ಕ್ ಅಡಾಪ್ಟರನ್ನು ಮನೆಯ ಪಂಪಿಗೆ ಹಾಕಿ ಒಮ್ಮೆ ಗಾಳಿ ತುಂಬಿ ನೋಡಿ, ಆಮೇಲೆ ಪಂಪಿನ ಜೊತೆಗೇ ಬ್ಯಾಗಿಗೆ ಹಾಕಿ.