ಯಕ್ಷಗಾನದ ವಿಡಿಯೊ: 25 ಫ್ರೇಮ್, ಕೆಂಪು ಬಣ್ಣ ಮತ್ತು ಕೊನೆಗೆ ಕೊಡುವ ಫೈಲು

ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಕ್ಲಿಪ್ಪುಗಳನ್ನೆಲ್ಲ ಟೈಮ್‌ಲೈನ್‌ಗೆ ಎಳೆದು ಹಾಕಬೇಡಿ. ಸ್ವಲ್ಪ ತಡೆಯಿರಿ. ಈ ವಿಡಿಯೊ ಯಾರು ನೋಡುತ್ತಾರೆ, ಯಾವುದರಲ್ಲಿ ನೋಡುತ್ತಾರೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಯೂಟ್ಯೂಬಿಗಾ, ಮನೆ ಟಿವಿಗೆ ಚುಚ್ಚುವ ಪೆನ್‌ಡ್ರೈವಿಗಾ, ಮೇಳದವರು ಇಟ್ಟುಕೊಳ್ಳುವ ಪ್ರತಿಗಾ? ಇಷ್ಟು ಗೊತ್ತಾದರೆ ಸೆಟ್ಟಿಂಗ್ಸ್‌ನ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ನಾನು ಜಾಸ್ತಿ ಎಡಿಟ್ ಮಾಡುವುದು ಯಕ್ಷಗಾನ. ಅದೂ ಮೂರು ಗಂಟೆಯ ಕಾಲಮಿತಿ ಆಟಗಳು. ರಂಗಸ್ಥಳದ ಎದುರಿಗೆ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ, ಪಕ್ಕದಿಂದ ಇನ್ನೊಂದು, ಭಾಗವತರನ್ನು ಹಿಡಿಯೋಕೆ ಯಾರದ್ದೋ ಮೊಬೈಲು, ಮಿಕ್ಸರ್‌ನಿಂದ ನೇರವಾಗಿ ಧ್ವನಿ ತೆಗೆದುಕೊಳ್ಳುವ ಒಂದು ರೆಕಾರ್ಡರ್. ನಾಲ್ಕೂ ನಾಲ್ಕು ದಿಕ್ಕಿನವು, ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಪ್ರಾಜೆಕ್ಟ್ ಸೆಟ್ಟಿಂಗ್ ಅನ್ನುವುದು ನನಗೆ ಸುಮ್ನೆ ಓಕೆ ಒತ್ತಿ ಮುಂದೆ ಹೋಗುವ ವಿಷಯ ಅಲ್ಲ.

ಪ್ರಾಜೆಕ್ಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ರೆಸಲ್ಯೂಶನ್ ಬದಲಾಗುತ್ತದೆ, ಬಣ್ಣದ ಸೆಟ್ಟಿಂಗ್ ಬದಲಾಗುತ್ತದೆ, ಎಕ್ಸ್‌ಪೋರ್ಟ್ ಅಂತೂ ಎಷ್ಟು ಥರ ಬೇಕಾದರೂ ಮಾಡಿಕೊಳ್ಳಬಹುದು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, ಮಾತ್ರ ಹಾಗಲ್ಲ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಟೈಮ್‌ಲೈನ್ ಮಾಡಿ ಕೆಲಸ ಶುರುವಾಯಿತು ಅಂದರೆ ಆ ಪೆಟ್ಟಿಗೆ ಮಂಕಾಗಿ ಕೂತುಬಿಡುತ್ತದೆ, ಒತ್ತಿದರೂ ಮಿಸುಕುವುದಿಲ್ಲ. ಬೇರೆ ಫ್ರೇಮ್ ರೇಟ್ ಬೇಕಿದ್ದರೆ ಹೊಸ ಟೈಮ್‌ಲೈನ್ ಮಾಡಿ, ಕತ್ತರಿಸಿದ ಜಾಗಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿಕೊಂಡು ಬರಬೇಕು.

ಯಾವುದು ಹಾಕಬೇಕು? ನಮ್ಮ ದೇಶದಲ್ಲಿ ಶೂಟ್ ಮಾಡಿ ನಮ್ಮವರಿಗೇ ತೋರಿಸುವುದಾದರೆ 25 ಅಥವಾ 50. ಯೂಟ್ಯೂಬ್‌ನ ಪಾಠಗಳಲ್ಲಿ 24 ಹಾಕಿ, ಸಿನಿಮಾ ಥರ ಕಾಣುತ್ತೆ ಅಂತಾರೆ, ಇಲ್ಲವೇ 29.97 ಅಂತಾರೆ. ಅದು ಅವರ ಊರಿನ ಲೆಕ್ಕ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅಲ್ಲಿ 1953ರಲ್ಲಿ ಟಿವಿಗೆ ಬಣ್ಣ ಸೇರಿಸುವಾಗ 30 ಫ್ರೇಮನ್ನು 29.97ಕ್ಕೆ ಇಳಿಸಿದರು, ಆ ಬಾಲ ಇವತ್ತಿಗೂ ಬಿಟ್ಟಿಲ್ಲ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದದ್ದು ಪಾಲ್ ಪದ್ಧತಿಯಲ್ಲಿ, ಅಂದರೆ ಸೆಕೆಂಡಿಗೆ 25 ಫ್ರೇಮ್. 30 ಮತ್ತು 29.97 ಎರಡೂ ಒಂದೇ ಅಲ್ವಾ ಅಂತ ಕೇಳಬೇಡಿ. ಒಂದನ್ನು ಇನ್ನೊಂದು ಅಂದುಕೊಂಡು ಧ್ವನಿ ಕೂರಿಸಿದರೆ ಗಂಟೆಗೆ 3.6 ಸೆಕೆಂಡ್ ಜಾರುತ್ತದೆ. ಮೂರನೇ ಗಂಟೆಯಲ್ಲಿ ವೇಷಧಾರಿ ಬಾಯಿ ಮುಚ್ಚಿ ನಿಂತಿರುತ್ತಾನೆ, ಮಾತು ಮಾತ್ರ ಬರುತ್ತಲೇ ಇರುತ್ತದೆ.

ಬೆಳಕಿನದ್ದೂ ಒಂದು ಮಾತಿದೆ. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಫ್ಲಡ್‌ಲೈಟು ಇವೆಲ್ಲ ನಮ್ಮಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ಒಂದು ಸಲ ತೆರೆದಿರುವ ಹೊತ್ತು 1/50 ಅಥವಾ 1/100 ಸೆಕೆಂಡ್ ಇದ್ದರೆ ತೊಂದರೆ ಇಲ್ಲ. 1/60ಕ್ಕೆ ಹೋದರೆ ಪರದೆ ಮೇಲೆ ಮಬ್ಬು ಪಟ್ಟಿಗಳು ಹರಿದಾಡುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಅಂದುಕೊಂಡರೆ ಕೆಟ್ಟಿರಿ. ಮಿನುಗು ತೆಗೆಯುವ ರಿಸಾಲ್ವ್‌ನ ಡಿಫ್ಲಿಕರ್ ಇರುವುದು ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಮಾತ್ರ, ಅದೂ ಎಲ್ಲವನ್ನೂ ಒರೆಸಿ ಹಾಕುವುದಿಲ್ಲ. ಶೂಟ್ ಮಾಡುವಾಗಲೇ ನೋಡಿಕೊಳ್ಳುವುದು ವಾಸಿ.

ಇನ್ನು ಮೊಬೈಲು. ಇದರಷ್ಟು ಕಾಟ ಕೊಡುವುದು ಬೇರೆ ಯಾವುದೂ ಇಲ್ಲ. ಮೊಬೈಲಿನ ಫೈಲಿನಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ, ಮತ್ತೆ ಏರುತ್ತದೆ. ಟೈಮ್‌ಲೈನ್‌ಗೆ ಹಾಗೇ ಹಾಕಿದರೆ ಶುರುವಿನಲ್ಲಿ ಸರಿಯಾಗಿ ಕೂತ ಧ್ವನಿ ಹೋಗ್ತಾ ಹೋಗ್ತಾ ತಪ್ಪುತ್ತದೆ. ಅದಕ್ಕೆ ನಾನು ಮೊಬೈಲಿನ ಫೈಲುಗಳನ್ನು ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪರಿವರ್ತಕಕ್ಕೆ ಕೊಟ್ಟು, ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಒಂದೇ ಸಮನಾದ ಫ್ರೇಮ್ ರೇಟ್) ಆರಿಸಿ ಒಂದು ಹೊಸ ಫೈಲು ಮಾಡಿಕೊಳ್ಳುತ್ತೇನೆ. ಆದರೂ 30ರ ಕ್ಲಿಪ್ಪು 25ರ ಟೈಮ್‌ಲೈನ್‌ನಲ್ಲಿ ಪೂರ್ತಿ ಹೊಂದುವುದಿಲ್ಲ. ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗುತ್ತದೆ. ಭಾಗವತರು ಕೂತಲ್ಲೇ ಹಾಡುವಾಗ ಯಾರಿಗೂ ತಿಳಿಯುವುದಿಲ್ಲ. ಪುಂಡುವೇಷ (ಚುರುಕಿನ ಯುವಕನ ಪಾತ್ರ) ಪ್ರವೇಶ ಮಾಡಿ ಗಿರ್ಕಿ ಹೊಡೆಯುವಾಗ ನೋಡಿ, ಸುತ್ತು ನುಣ್ಣಗೆ ಬರುವುದಿಲ್ಲ, ನಡುನಡುವೆ ತಡವರಿಸುತ್ತದೆ. ಐಫೋನ್ ಇದ್ದವರಿಗೆ ದಾರಿ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ರೆಕಾರ್ಡ್ ವಿಡಿಯೊ, ಅಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನುವುದನ್ನು ಆನ್ ಮಾಡಿದರೆ 25 ಬರುತ್ತದೆ. ಅಲ್ಲೇ ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚು ವ್ಯಾಪ್ತಿ ಹಿಡಿಯುವ) ವಿಡಿಯೊ ಆಫ್ ಮಾಡಿಬಿಡಿ. ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್ ತಾನಾಗಿಯೇ ಆನ್ ಇರುತ್ತದೆ, ಅದನ್ನು ಮಾಮೂಲಿ ರೆಕ್.709 (ಎಚ್‌ಡಿ ಟಿವಿಯ ಬಣ್ಣದ ಮಾನದಂಡ) ಪ್ರಾಜೆಕ್ಟ್‌ಗೆ ತಂದರೆ ಮುಖದ ಬಣ್ಣಗಾರಿಕೆಯೆಲ್ಲ ಬೆಳ್ಳಗೆ ಉರಿದುಹೋದ ಹಾಗೆ ಕಾಣುವುದುಂಟು.

ಹಳೆಯ ಹ್ಯಾಂಡಿಕ್ಯಾಮ್ ಇನ್ನೂ ಬಹಳ ಜನರ ಹತ್ತಿರ ಇದೆ. ಅವು 1080 50ಐ, ಅಂದರೆ ಒಂದೊಂದು ಫ್ರೇಮೂ ಎರಡು ಅರ್ಧ ಚಿತ್ರ ಸೇರಿ ಆದದ್ದು. ಹಾಗೇ ಬಿಟ್ಟರೆ ಕುಣಿತದಲ್ಲಿ ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತವೆ. ಈ ಗೆರೆ ತೆಗೆಯುವ ಹ್ಯಾಂಡ್‌ಬ್ರೇಕ್‌ನ ಡಿಇಂಟರ್‌ಲೇಸ್‌ನಲ್ಲಿ ಬಾಬ್ ಅಂತ ಒಂದಿದೆ. ಅದು ಪ್ರತಿ ಅರ್ಧವನ್ನೂ ಒಂದು ಪೂರ್ತಿ ಫ್ರೇಮ್ ಮಾಡಿ 50ಪಿ, ಅಂದರೆ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಕೊಡುತ್ತದೆ. ಎಲ್ಲ ಕ್ಯಾಮೆರಾಗಳೂ 50 ಕೊಡುತ್ತವೆ ಅಂತಾದರೆ ಪ್ರಾಜೆಕ್ಟನ್ನೇ 50ಕ್ಕೆ ಹಾಕಿ, ಕುಣಿತಕ್ಕೆ ಅದರಷ್ಟು ಚೆಂದ ಬೇರೆ ಇಲ್ಲ. ಸಿನಿಮಾ ಥರ ಕಾಣಬೇಕು ಅನ್ನುವವರ ಜೊತೆ ನನಗೆ ಜಗಳ ಇಲ್ಲ, ಆದರೆ ಆಟ ಸಿನಿಮಾ ಅಲ್ಲ.

ರೆಸಲ್ಯೂಶನ್ 1920 × 1080, ಪಿಕ್ಸೆಲ್ ಚೌಕ, ಬಣ್ಣ ರೆಕ್.709, ಧ್ವನಿ 48 ಕಿಲೋಹರ್ಟ್ಸ್. ಇವು ಎಚ್‌ಡಿಗೆ ಎಲ್ಲರೂ ಬಳಸುವ ಲೆಕ್ಕ, ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಕೆಂಪು ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು, ಯಕ್ಷಗಾನ ಅಂದಮೇಲೆ. ಮಾಮೂಲಿ ಕ್ಯಾಮೆರಾ, ಮೊಬೈಲು, ಯೂಟ್ಯೂಬ್ ಎಲ್ಲವೂ ಉಳಿಸುವುದು 4:2:0 ಪದ್ಧತಿಯಲ್ಲಿ. ಬೆಳಕು-ನೆರಳಿನ ವಿವರ 1920 × 1080 ಪೂರ್ತಿ ಇರುತ್ತದೆ, ಬಣ್ಣದ ವಿವರ ಮಾತ್ರ 960 × 540. ಬಿಳಿ ಪಂಚೆ ಉಟ್ಟು ಭಾಷಣ ಮಾಡುವವರ ವಿಡಿಯೊದಲ್ಲಿ ಇದು ಕಾಣಿಸುವುದೇ ಇಲ್ಲ. ಬಡಗುತಿಟ್ಟಿನ ವೇಷದ ಚೌಕುಳಿ ಕಸೆ ಸೀರೆಯನ್ನು ದೊಡ್ಡದು ಮಾಡಿ ನೋಡಿ, ಕೆಂಪು ಮತ್ತು ಕಪ್ಪು ಸೇರುವ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಕೆಂಪು ಆಚೆ ಸೋರಿದ ಹಾಗಿರುತ್ತದೆ. ಪ್ರತಿ ಸಲ ಮತ್ತೆ ಎಕ್ಸ್‌ಪೋರ್ಟ್ ಮಾಡಿದಾಗಲೂ ಇದು ಇನ್ನಷ್ಟು ಹದಗೆಡುತ್ತದೆ. ಹಾಗಾಗಿ ಎಡಿಟ್ ಮುಗಿದ ಕೂಡಲೇ ಎಂಪಿ4 ಮಾಡಿ, ಅದರಿಂದ ಇನ್ನೊಂದು ಎಂಪಿ4, ಅದರಿಂದ ಮತ್ತೊಂದು ಅಂತ ಹೋಗಬೇಡಿ. ಮೊದಲು ಒಂದು ಮಾಸ್ಟರ್, ಅಂದರೆ ಹೆಚ್ಚು ಹಿಂಡದ ಮೂಲ ಪ್ರತಿ ತೆಗೆಯಿರಿ. ಮ್ಯಾಕ್ ಇದ್ದರೆ ಪ್ರೊರೆಸ್ 422, ವಿಂಡೋಸ್ ಇದ್ದರೆ ಡಿಎನ್‌ಎಕ್ಸ್‌ಎಚ್‌ಆರ್. 25 ಫ್ರೇಮಿನ 1080ಕ್ಕೆ ಪ್ರೊರೆಸ್ 422 ಸೆಕೆಂಡಿಗೆ 122 ಮೆಗಾಬಿಟ್, ಗಂಟೆಗೆ ಸುಮಾರು 55 ಜಿಬಿ. ಮೂರು ಗಂಟೆಯ ಆಟಕ್ಕೆ 165 ಜಿಬಿ. ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ಉಳಿದ ಪ್ರತಿಗಳೆಲ್ಲ ಹುಟ್ಟುವುದು ಇದರಿಂದಲೇ, ಪ್ರಾಜೆಕ್ಟ್ ಮತ್ತೆ ತೆರೆಯುವ ಕೆಲಸವೇ ಇಲ್ಲ.

ಯೂಟ್ಯೂಬಿಗೆ ಎಚ್.264 (ವಿಡಿಯೊ ಹಿಂಡುವ ಒಂದು ವಿಧಾನ), ಎಂಪಿ4. ಅವರೇ ಹೇಳುವ ಲೆಕ್ಕ 1080ಕ್ಕೆ 25 ಫ್ರೇಮಾದರೆ ಸೆಕೆಂಡಿಗೆ 8 ಮೆಗಾಬಿಟ್, 50 ಆದರೆ 12. ನಾನು ಅದರ ದುಪ್ಪಟ್ಟು ಕೊಡುತ್ತೇನೆ, ಹೇಗೂ ಅವರು ಮತ್ತೆ ಹಿಂಡುತ್ತಾರೆ, ಹಿಂಡುವ ಮೊದಲಾದರೂ ರಸ ಇರಲಿ. ಕೆಲವರು 1080ರ ವಿಡಿಯೊವನ್ನೇ 4ಕೆಗೆ ಹಿಗ್ಗಿಸಿ ಹಾಕುತ್ತಾರೆ. ಇದು ಬರೀ ಶೋಕಿ ಅಲ್ಲ, 4ಕೆ ಫೈಲಿಗೆ ಯೂಟ್ಯೂಬ್ ಒಳ್ಳೆಯ ಕೋಡೆಕ್ (ಹಿಂಡುವ ವಿಧಾನ) ಬಳಸುತ್ತದೆ, ಚೌಕುಳಿ ಸೀರೆ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಆದರೆ 40 ಮೆಗಾಬಿಟ್‌ನಲ್ಲಿ ಮೂರು ಗಂಟೆ ಅಂದರೆ 54 ಜಿಬಿ ಅಪ್‌ಲೋಡ್. ಊರಿನ ನೆಟ್‌ನಲ್ಲಿ ಇದು ಆಗುವ ಮಾತಲ್ಲ, ಒಂದು ಒಡ್ಡೋಲಗದ (ಪಾತ್ರಗಳ ಪ್ರವೇಶದ ಕುಣಿತದ) ತುಣುಕಿಗೆ ಬೇಕಾದರೆ ಮಾಡಬಹುದು.

ಟಿವಿಯ ಪೆನ್‌ಡ್ರೈವ್ ಬೇರೆಯೇ ಜಗತ್ತು. ಇಲ್ಲಿ ಗುಣಮಟ್ಟಕ್ಕಿಂತ ಮುಖ್ಯ, ಅದು ಓಡಬೇಕು. ಎಚ್.264, 8 ಬಿಟ್, 4:2:0, ಧ್ವನಿ ಎಎಸಿ ಸ್ಟೀರಿಯೊ. ಚೆನ್ನಾಗಿರಲಿ ಅಂತ 10 ಬಿಟ್ 4:2:2 ಕೊಟ್ಟರೆ ಬಹಳಷ್ಟು ಟಿವಿಗಳಲ್ಲಿ ಧ್ವನಿ ಮಾತ್ರ ಕೇಳುತ್ತದೆ, ಇಲ್ಲವೇ ಫೈಲೇ ತೆರೆಯುವುದಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32 ಅನ್ನುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. 8 ಮೆಗಾಬಿಟ್‌ನಲ್ಲಿ ಅದು ಒಂದು ಗಂಟೆ ಚಿಲ್ಲರೆ. ಹಾಗಾಗಿ ನಾನು ಆಟವನ್ನು ಮೂರು ನಾಲ್ಕು ಭಾಗ ಮಾಡಿ ಕೊಡುತ್ತೇನೆ, ಪದ್ಯದ ನಡುವೆ ಕತ್ತರಿಸದೆ ಒಂದು ಪಾತ್ರ ನಿರ್ಗಮಿಸಿದ ಮೇಲೆ.

ಧ್ವನಿಯ ಬಗ್ಗೆ ಚಿಕ್ಕ ಮಾತು. ರೆಕಾರ್ಡರ್ ಮತ್ತು ಕ್ಯಾಮೆರಾ ಎರಡೂ 48 ಅಂತ ತೋರಿಸಿದರೂ ಅವುಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುತ್ತದೆ. ಮೂರು ಗಂಟೆಗೆ ಅದು ಕೆಲವು ಫ್ರೇಮುಗಳಾಗಬಹುದು. ಪರೀಕ್ಷಿಸೋಕೆ ಚಂಡೆಗಿಂತ ಒಳ್ಳೆಯ ಸಾಧನ ಇಲ್ಲ. ಶುರುವಿನಲ್ಲಿ ಒಂದು ಪೆಟ್ಟು, ಮಧ್ಯದಲ್ಲಿ ಒಂದು, ಕೊನೆಯಲ್ಲಿ ಒಂದು ನೋಡಿ, ಕೋಲು ಚರ್ಮಕ್ಕೆ ತಾಗಿದ ಫ್ರೇಮಿನಲ್ಲೇ ವೇವ್‌ಫಾರ್ಮ್ (ಧ್ವನಿಯ ಅಲೆಯ ಚಿತ್ರ) ಎದ್ದು ನಿಂತಿರಬೇಕು. ಜಾರಿದ್ದರೆ ಆ ಭಾಗದಲ್ಲಿ ಮಾತಿಲ್ಲದ ಜಾಗ ಹುಡುಕಿ ಒಂದು ಫ್ರೇಮ್ ಕತ್ತರಿಸಿ ಸರಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಗರಿಷ್ಠ ಮಟ್ಟ ಮೈನಸ್ 1 ಡೆಸಿಬಲ್‌ಗಿಂತ ಕೆಳಗಿರಲಿ, ಚಂಡೆ ಏರುಪದ್ಯಕ್ಕೆ ಬಂದಾಗ ಒಡೆದ ಸದ್ದು ಬರಬಾರದು.

ಕೊಡುವ ಮುಂಚೆ ಫೈಲನ್ನು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡಿ. ಯಾರ ಮನೆಗೆ ಹೋಗುತ್ತದೋ ಅವರ ಟಿವಿಗೇ ಚುಚ್ಚಿ, ಕೊನೆಯ ಹತ್ತು ನಿಮಿಷ ಓಡಿಸಿ ನೋಡಿ. ಹಣಕಾಸು ಲೆಕ್ಕ ಆಮೇಲೆ ಮಾಡಿದರಾಯಿತು.